ಅಜ್ಜನ ಕಾಲದ ಮಡಚುವ ಕ್ಯಾಮರಾಗೆ ಇವತ್ತಿನ ರೀಲು

ಉಡುಪಿ ಹತ್ತಿರದ ಕಾಪುವಿನ ದೀಪಸ್ತಂಭ ಕಟ್ಟಿದ್ದು 1901ರಲ್ಲಿ. ಕೊಡಾಕ್ ಕಂಪನಿ 120 ಎಂಬ ಫಿಲ್ಮ್ ರೀಲನ್ನು ಹೊರತಂದದ್ದೂ ಅದೇ ವರ್ಷ. ದೀಪಸ್ತಂಭ ಇನ್ನೂ ನಿಂತಿದೆ. 120 ರೀಲೂ ಇನ್ನೂ ತಯಾರಾಗುತ್ತಿದೆ. "ಈ ಕ್ಯಾಮರಾಗೆ ಈಗ ರೀಲು ಸಿಗುತ್ತದಾ?" ಎಂದು ಕೇಳುವವರಿಗೆ ನಾನು ಮೊದಲು ಇದನ್ನೇ ಹೇಳುತ್ತೇನೆ.

ನನ್ನದು ಝೈಸ್ ಇಕಾನ್ ನೆಟ್ಟಾರ್ ಎಂಬ ಮಡಚುವ ಕ್ಯಾಮರಾ. ಮುಂಬಯಿಯ ಮಾಟುಂಗದಲ್ಲಿ ಹೋಟೆಲ್ ಕೆಲಸಕ್ಕಿದ್ದ ದೊಡ್ಡಪ್ಪ ಊರಿಗೆ ಬರುವಾಗ ತಂದದ್ದು. ಅವರು ತೀರಿಕೊಂಡ ಮೇಲೆ ಕಪಾಟಿನಲ್ಲಿ ಸೀರೆಗಳ ಕೆಳಗೆ ಸಿಕ್ಕಿತು. ಗುಂಡಿ ಒತ್ತಿದರೆ ಬಾಗಿಲು ತೆರೆದು, ಹಾರ್ಮೋನಿಯಂನ ತಿದಿಯ ಹಾಗೆ ಮಡಿಕೆ ಮಡಿಕೆಯಾದ ಬೆಲ್ಲೋಸ್ ಹೊರಗೆ ಬರುತ್ತದೆ. ಒಂದು ರೀಲಿಗೆ ಹನ್ನೆರಡು ಚೌಕದ ಚಿತ್ರ. ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದೊಂದು ಇರಬಹುದು. ಇದ್ದರೆ ರೀಲು ತರಿಸುವ ಮೊದಲು ಅದನ್ನು ಒಮ್ಮೆ ಪರೀಕ್ಷೆ ಮಾಡಿ.

ಹಿಂಬಾಗಿಲು ತೆರೆದು ಒಳಗಿನ ಖಾಲಿ ಸ್ಪೂಲ್ ನೋಡಿ. ಅದನ್ನು ಎಸೆಯಬೇಡಿ. ಹೊಸ ರೀಲು ಸುತ್ತಿಕೊಳ್ಳುವುದು ಅದರ ಮೇಲೆಯೇ. ನೆಟ್ಟಾರ್, ಅಗ್ಫಾ ಐಸೊಲೆಟ್‌ನಂಥ ಜರ್ಮನ್ ಕ್ಯಾಮರಾಗಳಲ್ಲಿ ಸಾಮಾನ್ಯವಾಗಿ 120 ಇರುತ್ತದೆ. ಕೊಡಾಕ್‌ನ ಅನೇಕ ಮಡಚುವ ಕ್ಯಾಮರಾಗಳಿಗೆ ಮಾತ್ರ 620 ಬೇಕು. ಅದರ ತಯಾರಿಕೆ 1995ರಲ್ಲಿ ನಿಂತಿತು. ಹೆದರಬೇಡಿ, ಎರಡರ ಫಿಲ್ಮೂ ಕಾಗದವೂ ಒಂದೇ. 620ರ ಸ್ಪೂಲಿನ ನಡುಕಡ್ಡಿ ಸಪೂರ, ಅಂಚಿನ ಬಿಲ್ಲೆ ಸಣ್ಣದು, ಅಷ್ಟೇ. ಎರಡು ಹಳೆಯ 620 ಸ್ಪೂಲ್ ಇದ್ದರೆ ಪೂರ್ತಿ ಕತ್ತಲೆಯಲ್ಲಿ 120 ರೀಲನ್ನು ಬಿಚ್ಚಿ ಒಂದಕ್ಕೆ ಸುತ್ತಿ, ಅದರಿಂದ ಮತ್ತೆ ಇನ್ನೊಂದಕ್ಕೆ ಸುತ್ತಬೇಕು. ಫಿಲ್ಮಿನ ಒಂದು ತುದಿ ಮಾತ್ರ ಕಾಗದಕ್ಕೆ ಅಂಟಿರುತ್ತದೆ. ಆ ತುದಿ ಬಂದಾಗ ಫಿಲ್ಮ್ ಸ್ವಲ್ಪ ಉಬ್ಬಿ ನಿಲ್ಲುತ್ತದೆ. ಅಂಟುಪಟ್ಟಿಯನ್ನು ಮೆಲ್ಲಗೆ ಎಬ್ಬಿಸಿ, ಫಿಲ್ಮ್ ಚಪ್ಪಟೆ ಮಾಡಿ, ಮತ್ತೆ ಅಂಟಿಸಿ. ಮೊದಲು ಹಾಳಾದ ಒಂದು ರೀಲಿನಲ್ಲಿ ಬೆಳಕಿನಲ್ಲೇ ನಾಲ್ಕು ಸಲ ಅಭ್ಯಾಸ ಮಾಡಿಕೊಂಡರೆ ಕತ್ತಲೆಯಲ್ಲಿ ಕೈ ತಡವರಿಸುವುದಿಲ್ಲ.

ಇನ್ನು ಬೆಳಕಿನ ವಿಷಯ. ಈ ಕ್ಯಾಮರಾಗಳಲ್ಲಿ ಬೆಳಕು ಒಳಗೆ ಬರಬೇಕಾದ್ದು ಲೆನ್ಸಿನ ಮೂಲಕ ಮಾತ್ರ. ಆದರೆ ಕಳ್ಳದಾರಿಗಳು ಎರಡಿವೆ.

ಒಂದು, ಬೆಲ್ಲೋಸ್. ರಾತ್ರಿ ದೀಪ ಆರಿಸಿ, ಹಿಂಬಾಗಿಲಿನಿಂದ ಒಳಗೆ ಮೊಬೈಲಿನ ಟಾರ್ಚ್ ಹಿಡಿದು ಹೊರಗಿನಿಂದ ನೋಡಿ. ಮಡಿಕೆಯ ಮೂಲೆಗಳನ್ನು ಒಂದೊಂದಾಗಿ ನೋಡಬೇಕು. ತೂತು ಬೀಳುವುದು ಅಲ್ಲೇ ಜಾಸ್ತಿ. ನನ್ನದರಲ್ಲಿ ಸಾಸಿವೆಗಿಂತ ಸಣ್ಣ ಮೂರು ಚುಕ್ಕೆ ನಕ್ಷತ್ರದ ಹಾಗೆ ಮಿಂಚಿದವು. ಬಟ್ಟೆಗೆ ಹಚ್ಚುವ ಕಪ್ಪು ಬಣ್ಣವನ್ನು ಸಪೂರ ಬ್ರಷ್ಷಿನಿಂದ ತೆಳ್ಳಗೆ ಎರಡು ಸಲ ಹಚ್ಚಿದೆ. ಪೂರ್ತಿ ಒಣಗುವವರೆಗೆ ಮಡಚಬಾರದು, ಮಡಚಿದರೆ ಮಡಿಕೆಗಳು ಅಂಟಿಕೊಳ್ಳುತ್ತವೆ. ಇಡೀ ಬೆಲ್ಲೋಸ್ ಜಾಳುಜಾಳಾಗಿದ್ದರೆ ಬಣ್ಣದಿಂದ ಪ್ರಯೋಜನ ಇಲ್ಲ. ಹೊಸದನ್ನೇ ಹಾಕಿಸಬೇಕು.

ಎರಡನೆಯದು, ಹಿಂಬದಿಯ ಕೆಂಪು ಕಿಟಕಿ. ಕಾಗದದ ಮೇಲಿನ ನಂಬರನ್ನು ನಾವು ನೋಡುವುದು ಅದರ ಮೂಲಕ. ಹಿಂದಿನ ಕಾಲದ ಎಷ್ಟೋ ಫಿಲ್ಮುಗಳಿಗೆ ಕೆಂಪು ಬೆಳಕು ಕಾಣುತ್ತಿರಲಿಲ್ಲ. ಆದ್ದರಿಂದ ಕೆಂಪು ಗಾಜು ಸಾಕಿತ್ತು. ಇವತ್ತಿನ ಹೆಚ್ಚಿನ ಫಿಲ್ಮುಗಳು ಪ್ಯಾಂಕ್ರೋಮ್ಯಾಟಿಕ್, ಅಂದರೆ ಕೆಂಪನ್ನೂ ಹಿಡಿಯುತ್ತವೆ. ಕಾಗದ ಬೆಳಕನ್ನು ತಡೆಯುತ್ತದೆ ನಿಜ. ಆದರೆ ನಮ್ಮ ಕಡಲತೀರದ ಮಧ್ಯಾಹ್ನದ ಬಿಸಿಲನ್ನು ಪೂರ್ತಿ ತಡೆಯುವುದಿಲ್ಲ. ನನ್ನ ಮೊದಲ ರೀಲನ್ನು ಮಲ್ಪೆಯಲ್ಲಿ ಕಿಟಕಿ ತೆರೆದಿಟ್ಟೇ ತೆಗೆದೆ. 400ರ ವೇಗದ ಫಿಲ್ಮ್, ಅಂದರೆ ಕಡಿಮೆ ಬೆಳಕೇ ಸಾಕಾಗುವಂಥದ್ದು. ದೋಣಿ, ಬಲೆ, ಅಲೆ ಎಲ್ಲವೂ ಬಂದಿದ್ದವು. ಪ್ರತಿ ಚಿತ್ರದ ನಡುವೆ ಒಂದು ದುಂಡನೆಯ ಬಿಳಿ ಕಲೆಯೂ ಬಂದಿತ್ತು. ತುಂಬಾ ಬೇಸರವಾಯಿತು. ಅವತ್ತಿನಿಂದ ಕಿಟಕಿಯ ಮೇಲೆ ಕಪ್ಪು ಟೇಪ್ ಇದೆ. ರೀಲು ತಿರುಗಿಸುವಾಗ ಕ್ಯಾಮರಾವನ್ನು ಮೈಯ ನೆರಳಿಗೆ ತಂದು, ಟೇಪ್ ಎತ್ತಿ, ನಂಬರ್ ಬಂದ ಕೂಡಲೇ ಮುಚ್ಚುತ್ತೇನೆ. ನಿಮ್ಮ ಕ್ಯಾಮರಾದಲ್ಲಿ ಕಿಟಕಿಗೆ ಜಾರುವ ಮುಚ್ಚಳ ಇದ್ದರೂ ಟೇಪ್ ಹಾಕಿ.

ಲೆನ್ಸಿನಲ್ಲಿ ಕ್ಷಣಮಾತ್ರ ತೆರೆದು ಮುಚ್ಚಿ ಬೆಳಕು ಬಿಡುವ ಷಟರ್‌ಗೆ ಎಣ್ಣೆ ಬಿಡಬೇಡಿ. ನಮ್ಮ ಕಡೆ ಬಾಗಿಲ ಕೀಲಿಗೂ ಹೊಲಿಗೆ ಯಂತ್ರಕ್ಕೂ ಒಂದು ಹನಿ ತೆಂಗಿನೆಣ್ಣೆ ಬಿಡುವ ಅಭ್ಯಾಸ ಉಂಟು. ಇಲ್ಲಿ ಅದು ಷಟರ್‌ನ ತೆಳು ಎಲೆಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ರೀಲಿಲ್ಲದೆ ಸುಮ್ನೆ ಐವತ್ತು ಸಲ ಹೊಡೆಯಿರಿ. ಎಷ್ಟೋ ಷಟರ್‌ಗಳು ಅಷ್ಟಕ್ಕೇ ಎಚ್ಚರಾಗುತ್ತವೆ. ಆಮೇಲೂ ನಿಧಾನವಾಗಿದ್ದರೆ ಬಲ್ಲವರಿಗೆ ಕೊಡಿ. ಸ್ವಲ್ಪ ನಿಧಾನ ಇದ್ದರೆ ಚಿಂತೆ ಇಲ್ಲ. ನೆಗೆಟಿವ್ ಫಿಲ್ಮ್ ತುಸು ಹೆಚ್ಚು ಬೆಳಕನ್ನು ತಾಳಿಕೊಳ್ಳುತ್ತದೆ. ಸ್ಲೈಡ್ ಫಿಲ್ಮ್ ತಾಳುವುದಿಲ್ಲ, ಆದ್ದರಿಂದ ಮೊದಲಿಗೇ ಅದು ಬೇಡ. ಸೆಲ್ಫ್ ಟೈಮರ್ ಇದ್ದರೆ ಮುಟ್ಟಲೇಬೇಡಿ. ನಡುವೆ ಸಿಕ್ಕಿಕೊಂಡರೆ ಇಡೀ ಷಟರ್ ನಿಲ್ಲುತ್ತದೆ.

ಯಾವ ಫಿಲ್ಮ್? ಬಿಸಿಲಿಗೆ 100 ಅಥವಾ 125. ಇಲ್‌ಫೋರ್ಡ್ ಎಫ್‌ಪಿ4 ಪ್ಲಸ್ ಎಂಬ ಕಪ್ಪು ಬಿಳುಪು ಫಿಲ್ಮ್ ನನಗೆ ಇಷ್ಟ. ಅದರ ಕಾಗದದ ನಂಬರುಗಳು ಕೆಂಪು ಕಿಟಕಿಯಲ್ಲಿ ಚೆನ್ನಾಗಿ ಕಾಣುತ್ತವೆ. ನನ್ನ ಷಟರ್‌ನ ಗರಿಷ್ಠ ವೇಗ 1/200 ಸೆಕೆಂಡ್. ಎಫ್ ಸಂಖ್ಯೆ ಎಂದರೆ ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಸಣ್ಣದು. ಬಿಸಿಲಿನಲ್ಲಿ ಎಫ್16 ಇಟ್ಟು, ಫಿಲ್ಮಿನ ವೇಗದಷ್ಟೇ ಷಟರ್ ವೇಗ ಇಡುವ ಹಳೆಯ ಲೆಕ್ಕ ನಿಮಗೆ ಗೊತ್ತಿರಬಹುದು. 100ರ ಫಿಲ್ಮಿಗೆ ಎಫ್16, 1/100. ಸರಿಹೋಯಿತು. 400ರದ್ದಾದರೆ ಎಫ್22ಕ್ಕೆ ಮುಚ್ಚಿ 1/200 ಇಡಬೇಕು, ಅಲ್ಲಿಗೆ ಕ್ಯಾಮರಾದ ಮಿತಿ ಮುಗಿಯಿತು. ಮರಳು, ನೀರು ಎರಡೂ ಹೊಳೆಯುವ ಮಲ್ಪೆಯಲ್ಲಿ ಅದೂ ಸಾಲದು. 400 ಇರುವುದು ಮಳೆಗಾಲಕ್ಕೆ. ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ಬಂದರಿನಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ. ಮೋಡ ಕವಿದ ಆ ಬೆಳಕಿಗೆ ಎಫ್8, 1/200. ಒಬ್ಬರು ಕೊಡೆ ಹಿಡಿಯಲು ಜೊತೆಗಿರಲಿ.

ದೂರವನ್ನು ಅಂದಾಜಿನಲ್ಲಿ ಹೇಳಬೇಕು. ಲೆನ್ಸಿನ ಸುತ್ತ ಅಡಿಯಲ್ಲೋ ಮೀಟರಿನಲ್ಲೋ ಗುರುತಿದೆ. ನಮ್ಮ ಜಗಲಿಯಿಂದ ತುಳಸಿಕಟ್ಟೆಗೆ ಹನ್ನೆರಡು ಅಡಿ. ಟೇಪಿನಿಂದ ಅಳೆದು ಇಟ್ಟುಕೊಂಡಿದ್ದೇನೆ. ಎಲ್ಲಿ ಹೋದರೂ "ಒಂದು ಅಂಗಳದಷ್ಟು, ಎರಡು ಅಂಗಳದಷ್ಟು" ಎಂದು ಲೆಕ್ಕ ಹಾಕುತ್ತೇನೆ. ನೆಟ್ಟಾರ್‌ನಲ್ಲಿ ಇನ್ನೊಂದು ಅನುಕೂಲ ಇದೆ. ದೂರದ ಗುರುತಿನಲ್ಲೊಂದು, ಎಫ್8 ಮತ್ತು 11ರ ನಡುವೆ ಒಂದು ಕೆಂಪು ಚುಕ್ಕೆ. ಎರಡನ್ನೂ ಅಲ್ಲಿಗೆ ಇಟ್ಟರೆ ಸುಮಾರು ಹದಿನಾರು ಅಡಿಯಿಂದ ಆಚೆಗೆ ಎಲ್ಲವೂ ಸ್ಪಷ್ಟ. ರಥಬೀದಿಯಲ್ಲಿ ಜನ ಓಡಾಡುವಾಗ ನನಗೆ ಬೇರೆ ಏನೂ ಬೇಕಾಗುವುದಿಲ್ಲ.

ಅಣ್ಣನ ಮಗಳು ಮಣಿಪಾಲದಲ್ಲಿ ಓದುತ್ತಾಳೆ. ಕಾಪುವಿಗೆ ನನ್ನ ಜೊತೆ ಬಂದವಳು ಕೇಳಿದಳು, "ಚಿಕ್ಕಪ್ಪ, ಒಂದು ತೆಗೆದ ಕೂಡಲೇ ಮುಂದಿನದಕ್ಕೆ ತಿರುಗಿಸಿ ಇಡಬಹುದಲ್ವಾ?"

"ಬೇಡ ಮಗಾ, ತೆಗೆಯುವ ಮುಂಚೆ ತಿರುಗಿಸು."

ಕಾರಣ ಇದೆ. ಮುಚ್ಚಿದ ಕ್ಯಾಮರಾ ತೆರೆಯುವಾಗ ಬೆಲ್ಲೋಸ್ ಗಾಳಿ ಎಳೆಯುತ್ತದೆ. ಆ ಎಳೆತಕ್ಕೆ ಫಿಲ್ಮ್ ಮುಂದಕ್ಕೆ ಉಬ್ಬಿ, ಚಿತ್ರ ಮಸುಕಾಗುತ್ತದೆ. ಆದ್ದರಿಂದ ಬಾಗಿಲಿಗೆ ಕೈ ಕೊಟ್ಟು ಮೆಲ್ಲಗೆ ತೆರೆಯಿರಿ. ದೂರ, ಎಫ್ ಸಂಖ್ಯೆ, ವೇಗ ಮೂರನ್ನೂ ಇಡಿ. ಆಮೇಲೆ ರೀಲು ತಿರುಗಿಸಿ. ಆಗ ಫಿಲ್ಮ್ ಬಿಗಿಯಾಗಿ ಚಪ್ಪಟೆಯಾಗುತ್ತದೆ. ಕೊನೆಗೆ ಷಟರ್‌ನ ಸ್ಪ್ರಿಂಗ್ ಎಳೆದು, ಉಸಿರು ಹಿಡಿದು ಒತ್ತಿ. ಈ ಕ್ರಮ ತಪ್ಪಿಸಬೇಡಿ.

ಫ್ರಿಜ್‌ನಲ್ಲಿಟ್ಟ ರೀಲನ್ನು ಎರಡು ಗಂಟೆ ಮೊದಲೇ ಹೊರಗಿಡಿ. ತಣ್ಣಗಿರುವಾಗಲೇ ಪೊಟ್ಟಣ ಒಡೆದರೆ ನಮ್ಮ ಗಾಳಿಯ ತೇವ ಅದರ ಮೇಲೆ ನೀರಾಗಿ ಕೂರುತ್ತದೆ.

ತೇವದ ಮಾತು ಬಂದದ್ದಕ್ಕೆ ಹೇಳುತ್ತೇನೆ, ಕರಾವಳಿಯಲ್ಲಿ ಈ ಕ್ಯಾಮರಾಗಳು ಸಾಯುವುದು ಬಳಸಿ ಅಲ್ಲ, ಮುಚ್ಚಿಟ್ಟು. ಮಳೆಗಾಲದ ಆಟಿ ತಿಂಗಳಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಲೆನ್ಸನ್ನು ಬಿಡುತ್ತದಾ? ಚರ್ಮದ ಚೀಲ ನೋಡಲು ಚೆಂದ, ಆದರೆ ಅದೇ ಬೂಷ್ಟಿನ ಮನೆ. ಕ್ಯಾಮರಾವನ್ನು ಅದರಿಂದ ಹೊರತೆಗೆದು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಾಗುವ ಹರಳುಗಳನ್ನೇ ತನ್ನಿ. ಬಣ್ಣ ಬದಲಾದರೆ ಅವು ತೇವ ಕುಡಿದಿವೆ ಎಂದರ್ಥ. ಬಿಸಿ ಮಾಡಿ ಒಣಗಿಸಬಹುದು, ಆದರೆ ಅಡುಗೆಯ ಪಾತ್ರೆಯಲ್ಲಿ ಬೇಡ. ಎರಡು ವಾರಕ್ಕೊಮ್ಮೆ ತೆರೆದು ಷಟರ್ ಹೊಡೆಯಿರಿ.

ಕಲರ್ ರೀಲನ್ನು ನಾನು ಕೊರಿಯರ್‌ನಲ್ಲಿ ಲ್ಯಾಬಿಗೆ ಕಳಿಸುತ್ತೇನೆ. ಕಪ್ಪು ಬಿಳುಪನ್ನು ಮನೆಯಲ್ಲೇ ತೊಳೆಯುತ್ತೇನೆ. ಎಫ್‌ಪಿ4ಕ್ಕೆ ಐಡಿ-11 ಎಂಬ ಡೆವಲಪರ್ ದ್ರಾವಣವನ್ನು ಸಮಪಾಲು ನೀರಿಗೆ ಬೆರೆಸಿದರೆ 20 ಡಿಗ್ರಿಯಲ್ಲಿ 11 ನಿಮಿಷ. ನಮ್ಮ ನಲ್ಲಿ ನೀರು 28ರ ಹತ್ತಿರ ಇರುತ್ತದೆ. ಐಸ್ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಬಕೆಟ್ಟಿಗೆ ಇಳಿಸಿ, ಥರ್ಮಾಮೀಟರ್ ನೋಡುತ್ತಾ 20ಕ್ಕೆ ತರಬೇಕು. ತೊಳೆಯುವ ನೀರೂ ಅದರ ಆಸುಪಾಸಿನಲ್ಲೇ ಇರಲಿ. ಬಚ್ಚಲಿನಲ್ಲಿ ತೂಗುಹಾಕಿದ ಫಿಲ್ಮ್ ಮಳೆಗಾಲದಲ್ಲಿ ಒಣಗಲು ಇಡೀ ರಾತ್ರಿ ಬೇಕು, ಅವಸರದಲ್ಲಿ ಫ್ಯಾನ್ ಹಾಕಿದರೆ ದೂಳು ಕೂರುತ್ತದೆ. ಬೆಳಿಗ್ಗೆ ಮೂರು ಮೂರು ಚಿತ್ರದ ತುಂಡು ಮಾಡಿ ಕವರಿಗೆ ಹಾಕಿ. ಕಾಪುವಿನ ಆ ರೀಲನ್ನು ಕತ್ತರಿಸುವ ಮೊದಲು ಅಣ್ಣನ ಮಗಳು ಕಿಟಕಿಗೆ ಹಿಡಿದು ನೋಡಿದಳು. ನೆಗೆಟಿವ್‌ನಲ್ಲಿ ಬೆಳಕೆಲ್ಲ ಕಪ್ಪು: ಕಪ್ಪು ಆಕಾಶ, ಕಪ್ಪು ಮರಳು, ನಡುವೆ ದೀಪಸ್ತಂಭ. ಕಲೆ ಒಂದೂ ಇರಲಿಲ್ಲ.