ವೈಡ್ ಲೆನ್ಸ್ ಕಸಿದುಕೊಂಡ ಮೇಲೆ ಹಳಿ ಖಾಲಿಯಾಯಿತು

ಹಳಿಯಿಂದ ಹದಿನೈದು ಮೀಟರ್ ಆಚೆ ನಿಲ್ಲಿಸಿ ಸ್ಟೀಮ್ ಎಂಜಿನ್ ಫೋಟೊ ತೆಗೆಸುತ್ತೇನೆ ಅಂದಾಗ ನಮ್ಮ ಗುಂಪಿನಲ್ಲಿ ನಗದವರು ಕಮ್ಮಿ. "ಮದುವೆಗೆ ಹೋಗಿ ಚಪ್ಪರದ ಆಚೆ ನಿಂತು ಬಂದ ಹಾಗಾಯ್ತಲ್ಲ ಸಾರ್" ಅಂದವರ ಮನೆ ಹಾಲ್‌ನಲ್ಲೇ ಈಗ ಆ ಚಿತ್ರ ಮೂರಡಿ ಫ್ರೇಮಿನಲ್ಲಿ ನೇತಾಡುತ್ತಿದೆ. ಅವರೇ ತೆಗೆದದ್ದು, ನಾನು ಕಟ್ಟಿದ ಹಗ್ಗದ ಈಚೆಯಿಂದ.

ಜಾಗ ನಿಮಗೆ ಗೊತ್ತಿರುವುದೇ. ನೀಲಗಿರಿ ರೈಲು, ಮೆಟ್ಟುಪಾಳ್ಯಂನಿಂದ ಕೂನೂರಿನವರೆಗಿನ ಭಾಗ. ಕಲ್ಲಾರ್ ದಾಟಿದ ಮೇಲೆ ಹಲ್ಲಿನ ಹಳಿ, ಅದನ್ನು ಹಲ್ಲಿನ ಚಕ್ರದಿಂದ ಕಚ್ಚಿಕೊಂಡು ಏರುವ ಎಕ್ಸ್ ಕ್ಲಾಸ್ ಸ್ಟೀಮ್ ಎಂಜಿನ್. ಮೈಸೂರಿನಿಂದ ಹೋಗುವ ನಮಗೆ ರಾತ್ರಿ ಒಂಬತ್ತರೊಳಗೆ ಬಂಡೀಪುರ ದಾಟುವ ತಲೆನೋವು ಬೇರೆ. ಈಗ ಊಟಿ ಕಡೆಗೆ ಇ-ಪಾಸ್ ಕೂಡ ಬೇಕು.

ಈ ಲೈನಿನ ಅಪಾಯ ಬೇರೆ ಥರದ್ದು. ಮೇಲೆ ಹತ್ತುವಾಗ ಎಂಜಿನ್ ಹಿಂದಿನಿಂದ ತಳ್ಳುತ್ತದೆ, ಅಲ್ವಾ? ಮುಂದೆ ಬರುವುದು ಬೋಗಿ. ಜನ ಮಾತ್ರ ಕಣಿವೆಯ ತಿರುವಿನಲ್ಲಿ ಏಳುವ ಹೊಗೆಯನ್ನೇ ನೋಡುತ್ತಾ ಹಳಿ ಮೇಲೆ ನಿಂತಿರುತ್ತಾರೆ. ಎಂಜಿನ್ ಇನ್ನೂ ದೂರ ಇದೆ ಅನ್ನುವಷ್ಟರಲ್ಲಿ ಬೋಗಿ ಬೆನ್ನ ಹತ್ತಿರ ಬಂದಿರುತ್ತದೆ. ಮುಂದಿನ ಬೋಗಿಯ ಬಾಲ್ಕನಿಯಲ್ಲಿ ಬಾವುಟ ಹಿಡಿದು ನಿಂತಿರುವ ಬ್ರೇಕ್ಸ್‌ಮನ್ ಗಂಟಲು ಹರಿಯುವ ಹಾಗೆ ಕೂಗುವುದನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ. ವೇಗ ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರ್ ಇದ್ದೀತು. ಅದೇ ಮೋಸ ಮಾಡುವುದು. ನಡೆದುಕೊಂಡೇ ತಪ್ಪಿಸಿಕೊಳ್ಳಬಹುದು ಅನ್ನಿಸುತ್ತದೆ. ಆದರೆ ಹಳಿಗಳ ನಡುವಿನ ಹಲ್ಲಿನ ಪಟ್ಟಿ ಎರಡೂವರೆ ಇಂಚಿನಷ್ಟು ಎದ್ದಿರುತ್ತದೆ, ಮೇಲೆಲ್ಲ ಗ್ರೀಸು. ಹಿಲ್‌ಗ್ರೋವ್‌ನಲ್ಲಿ ಎಂಜಿನ್ ನೀರು ಕುಡಿಯುವಾಗ ಸೆಲ್ಫಿಗೆ ಇಳಿದ ಹುಡುಗನೊಬ್ಬನ ಶೂ ಅದರ ಮೇಲೆ ಜಾರಿ, ಮಂಡಿ ಹಲ್ಲಿಗೆ ಬಡಿದು ಪ್ಯಾಂಟೆಲ್ಲ ರಕ್ತ. ಗಾಡಿ ನಿಂತಿತ್ತು, ಬಚಾವಾದ. ಹೊರಡುವಾಗ ಡ್ರೈವರ್ ಸಿಲಿಂಡರ್ ಕಾಕ್, ಅಂದರೆ ಸಿಲಿಂಡರಿನ ನೀರು ಹೊರಬಿಡುವ ನಲ್ಲಿ, ತೆರೆದರೆ ಕಾಲಿನ ಮಟ್ಟದಲ್ಲಿ ಕುದಿಯುವ ಹಬೆ ಎರಡೂ ಬದಿಗೆ ನುಗ್ಗುತ್ತದೆ. ಲೆನ್ಸ್‌ಗೆ ಕಣ್ಣಿಟ್ಟವನಿಗೆ ಅದು ಕಾಣುವುದೇ ಇಲ್ಲ.

ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. 2016ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಹೆಸರಾಂತ ಸ್ಟೀಮ್ ಎಂಜಿನ್ ಫ್ಲೈಯಿಂಗ್ ಸ್ಕಾಟ್ಸ್‌ಮನ್ ರಿಪೇರಿ ಮುಗಿಸಿ ಲಂಡನ್ನಿನಿಂದ ಯಾರ್ಕ್‌ಗೆ ಹೊರಟಾಗ ಜನ ಹಳಿಗೇ ಇಳಿದದ್ದರಿಂದ ಗಾಡಿ ನಿಲ್ಲಿಸಬೇಕಾಯಿತು. 2024ರ ಜೂನ್‌ನಲ್ಲಿ ಮೆಕ್ಸಿಕೊದಲ್ಲಿ ಕೆನಡಾದ ಎಂಪ್ರೆಸ್ 2816 ಸ್ಟೀಮ್ ಎಂಜಿನ್ ಹಾದುಹೋಗುವಾಗ ಹಳಿ ಪಕ್ಕ ಮಂಡಿಯೂರಿ ಸೆಲ್ಫಿ ತೆಗೆಯುತ್ತಿದ್ದ ಮಹಿಳೆಯ ತಲೆಗೆ ಎಂಜಿನ್ ಬಡಿದು ಪ್ರಾಣವೇ ಹೋಯಿತು. ಎಂಜಿನ್ ಹಳಿಗಿಂತ ಅಗಲ ಅನ್ನುವುದು ಆ ಕ್ಷಣದಲ್ಲಿ ಯಾರಿಗೂ ನೆನಪಿರುವುದಿಲ್ಲ.

ಮೊದಮೊದಲು ಹಿಂದಿನ ರಾತ್ರಿ ಲಾಡ್ಜಿನಲ್ಲಿ ಕೂರಿಸಿ ಉಪದೇಶ ಮಾಡುತ್ತಿದ್ದೆ. ರೈಲ್ವೆ ಕಾಯ್ದೆಯ 147ನೇ ಸೆಕ್ಷನ್, ಅಪ್ಪಣೆಯಿಲ್ಲದೆ ಹಳಿಗೆ ಇಳಿದರೆ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಎರಡೂ ಆಗಬಹುದು ಅಂತೆಲ್ಲ. ಎಲ್ಲರೂ ತಲೆ ಆಡಿಸುತ್ತಿದ್ದರು. ಬೆಳಿಗ್ಗೆ ಹೊಗೆ ಕಂಡ ಕೂಡಲೇ ಓಟ. ಕಾಗದದ ಮೇಲೆ ಸಹಿ ಹಾಕಿಸಿಕೊಂಡೆ, ಸಹಿ ಹಾಕಿದವರೇ ಮೊದಲು ಓಡಿದರು. ಸೀಟಿ ಊದಿದರೆ ಎಂಜಿನ್ ಸೀಟಿಯೇ ಇರಬೇಕು ಅಂತ ಇನ್ನೂ ಮುಂದೆ ಹೋದರು. ಆಮೇಲೆ ಹಗ್ಗ. ಬಿಳಿ ನೂಲಿನ ಹಗ್ಗ, ಆರುನೂರು ರೂಪಾಯಿ ಚಿಲ್ಲರೆ. ಕೆಂಪು ಟೇಪು ಚೆನ್ನಾಗಿ ಕಾಣುತ್ತದೆ ಅಂತ ಕೆಲವರು ಹಟ ಹಿಡಿದರು. ಹಳಿ ಪಕ್ಕ ಕೆಂಪು ಬಟ್ಟೆ ಆಡಿದರೆ ಲೋಕೊ ಪೈಲಟ್ ಬ್ರೇಕ್ ಹಾಕಬೇಕಾಗುತ್ತದೆ. ಹಾಗಾಗಿ ಕೆಂಪು ಬೇಡವೇ ಬೇಡ. ಆದರೆ ಬಿಳಿ ಹಗ್ಗದ ಕೆಳಗೂ ನುಸುಳಿದರು.

ಯಾರು ನುಸುಳುತ್ತಾರೆ ಅಂತ ನೋಡಿದಾಗ ವಿಷಯ ಹೊಳೆಯಿತು. ಕೈಯಲ್ಲಿ ಮೊಬೈಲ್ ಅಥವಾ ವೈಡ್ ಲೆನ್ಸ್ ಇದ್ದವರು. ಅದರಲ್ಲಿ ಎಂಜಿನ್ ಚಿಕ್ಕದಾಗಿ ಕಾಣುತ್ತದೆ, ಹತ್ತಿರ ಹೋಗದೆ ವಿಧಿಯಿಲ್ಲ. ದೊಡ್ಡ ಲೆನ್ಸ್ ಇದ್ದವರು ತಾವಾಗಿ ಹಿಂದೆ ಸರಿಯುತ್ತಿದ್ದರು. ಹದಿನೈದು ಮೀಟರಿನಲ್ಲಿ 200 ಎಂಎಂ ಲೆನ್ಸ್ ಹಾಕಿ ನೋಡಿ, ಕ್ಯಾಬ್ ಬಿಟ್ಟು ಬೇರೇನೂ ಫ್ರೇಮಿಗೆ ಬರಲ್ಲ. ಪೂರ್ತಿ ಗಾಡಿ ಬೇಕೆಂದರೆ ಗುಡ್ಡ ಹತ್ತಲೇಬೇಕು.

ಅಂದಿನಿಂದ ಒಂದೇ ನಿಯಮ. ಬೆಳಿಗ್ಗೆ ವ್ಯಾನಿನಲ್ಲೇ ವೈಡ್ ಲೆನ್ಸ್‌ಗಳೆಲ್ಲ ನನ್ನ ಚೀಲಕ್ಕೆ. ಲಾಂಗ್ ಲೆನ್ಸ್ ಇಲ್ಲದವರಿಗೆ ಬಾಡಿಗೆದು. ಬೆಂಗಳೂರಿನಲ್ಲಿ 150-600 ಎಂಎಂ ಲೆನ್ಸ್ ದಿನಕ್ಕೆ ಸಾವಿರದ ಮುನ್ನೂರರಿಂದ ಸಾವಿರದೈನೂರು. ಡಿಪಾಸಿಟ್ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ನಾಲ್ಕೈದು ಲೆನ್ಸ್ ತಂದು ಇಬ್ಬಿಬ್ಬರು ಹಂಚಿಕೊಂಡರೆ ಸಾಕು. ಅಂಗಡಿಯಲ್ಲಿ ರೇಟು ಇಳಿಸಿಕೊಳ್ಳುವ ದಾರಿಯೊಂದಿದೆ, ಅದನ್ನು ಬರೆದರೆ ನನಗೇ ಮುಂದಿನ ಸಲ ಸಿಗಲ್ಲ.

ಮೊಬೈಲ್‌ನವರಿಗೆ ಬಿದಿರಿನ ಗೂಟ. ರೈಲ್ವೆ ಗಡಿಕಲ್ಲಿನಿಂದ ಈಚೆ, ಪಕ್ಕದ ಎಸ್ಟೇಟ್ ಜಾಗದಲ್ಲೇ ನೆಟ್ಟು, ಗೂಟದ ತಲೆಗೆ ಮೊಬೈಲ್ ಕ್ಲಿಪ್ ಬಿಗಿದು, ಗಾಡಿ ಬರುವ ಕಾಲು ಗಂಟೆ ಮೊದಲೇ ವಿಡಿಯೊ ಚಾಲೂ ಮಾಡಿ ಹಗ್ಗದ ಹಿಂದೆ ಬಂದುಬಿಡಬೇಕು. "ಕಳ್ಳತನ ಆದ್ರೆ ಯಾರ್ರೀ ಹೊಣೆ?" ಅಂದರು. ಮೊದಲ ಸಲ ವಿಡಿಯೊ ಎಲ್ಲ ನಡುಗಿತ್ತು, ನಿಜ. ಸೈಕಲ್ ಟ್ಯೂಬಿನ ತುಂಡು ಸುತ್ತಿದ ಮೇಲೆ ಸರಿಹೋಯಿತು. ಎಷ್ಟು ಸುತ್ತು, ಕ್ಲಿಪ್ಪಿನ ಮೇಲೋ ಕೆಳಗೋ ಅನ್ನುವುದರಲ್ಲಿ ಎಲ್ಲ ಇದೆ. ನೀವೇ ಮಾಡಿ ನೋಡಿ.

ಗಾಡಿ ಬರುವುದನ್ನು ತಿಳಿಸಲು ತಿರುವಿನ ಮೇಲೆ ಒಬ್ಬರು, ಅವರ ಹತ್ತಿರ ಒಂದು, ನನ್ನ ಹತ್ತಿರ ಒಂದು ವಾಕಿಟಾಕಿ. ಲೈಸೆನ್ಸ್ ಬೇಡದ 865 ಮೆಗಾಹರ್ಟ್ಸ್‌ನದ್ದು, ಜೋಡಿಗೆ ಒಂಬತ್ತು ಸಾವಿರದ ಹತ್ತಿರ ಆಯಿತು. ಮೇಲಿರುವವರ ಕೈಯಲ್ಲಿ ಕ್ಯಾಮೆರಾ ಇರಕೂಡದು. ಈ ಕೆಲಸಕ್ಕೆ ಯಾರೂ ಒಪ್ಪುವುದಿಲ್ಲ, ಅದಕ್ಕೇ ಅವರ ಊಟ ವಸತಿ ಫ್ರೀ. ಎಸ್ಟೇಟಿನ ಮಾಲೀಕರಿಗೆ ಮೂರು ಸಾವಿರ ಕೊಡುತ್ತೇನೆ. ಯಾವ ಎಸ್ಟೇಟ್ ಅಂತ ಕೇಳಬೇಡಿ.

ಈ ನಡುವೆ ಶಬ್ದದ ಹುಚ್ಚು ಹಿಡಿಯಿತು. ಆರುನೂರು ಮೀಟರ್ ಆಚೆಯ ದಿಬ್ಬದಿಂದ ತೆಗೆದರೆ ಚಿತ್ರಕ್ಕಿಂತ ಶಬ್ದ ಹೆಚ್ಚುಕಮ್ಮಿ ಒಂದೂಮುಕ್ಕಾಲು ಸೆಕೆಂಡ್ ತಡ. ಹಾಗಾಗಿ ಒಂದು ಗೂಟಕ್ಕೆ ರೆಕಾರ್ಡರ್ ಕಟ್ಟಿ, ಗಾಳಿಗೆ ಉಣ್ಣೆ ಕಾಲುಚೀಲ ಹಾಕಿ, ಎಡಿಟಿಂಗ್‌ನಲ್ಲಿ ಜೋಡಿಸುತ್ತೇನೆ. ಆಗ ಗೊತ್ತಾಗಿದ್ದು ಇದು. ಕಲ್ಲಾರ್‌ವರೆಗೆ ಎಂಜಿನ್ನಿನ ಎರಡೇ ಸಿಲಿಂಡರ್ ದುಡಿಯುತ್ತವೆ. ಹಲ್ಲಿಗೆ ಬಿದ್ದ ಮೇಲೆ ಅವು ಬಿಟ್ಟ ಹಬೆ ಇನ್ನೆರಡು ಸಿಲಿಂಡರಿಗೆ ಹೋಗಿ ಹಲ್ಲಿನ ಚಕ್ರ ತಿರುಗಿಸುತ್ತದೆ, ಆ ಸಿಲಿಂಡರುಗಳು ದುಡಿಯುವುದು ಮೊದಲಿನವಕ್ಕಿಂತ ಹೆಚ್ಚು ಬಿರುಸಿನಲ್ಲಿ. ಗಾಡಿ ನಿಧಾನ ಆದರೂ ಚಿಮಣಿಯ ಛಕ್ ಛಕ್ ಜೋರು. ಹಳಿ ಪಕ್ಕ ನಿಂತಿದ್ದ ವರ್ಷಗಳಲ್ಲಿ ಕಿವಿ ಗುಂಯ್‌ಗುಟ್ಟುವುದು ಬಿಟ್ಟು ಇದ್ಯಾವುದೂ ಕೇಳಿಸಿರಲಿಲ್ಲ. ಡಿಸೆಂಬರ್, ಜನವರಿಯ ಚಳಿಯಲ್ಲೇ ಹೋಗಿ. ಬೇಸಿಗೆಯಲ್ಲಿ ಹಬೆ ಕಣ್ಣಿಗೇ ಬೀಳಲ್ಲ.

ಖರ್ಚು ಹಿಡಿದರೆ ಟಿಟಿ (ಟೆಂಪೊ ಟ್ರಾವೆಲರ್) ಬಾಡಿಗೆ ಇಪ್ಪತ್ತೈದು ಸಾವಿರದ ಸುತ್ತ, ಲೆನ್ಸ್ ಹತ್ತು ಹನ್ನೆರಡು ಸಾವಿರ, ರೂಮು ಊಟ ಬೇರೆ. ತಲೆಗೆ ಐದು ಸಾವಿರ ದಾಟದ ಹಾಗೆ ನೋಡಿಕೊಂಡಿದ್ದೇನೆ. ಕಳೆದ ಸಲ ಸ್ವಲ್ಪ ಉಳಿಯಿತು, ಗೂಟಗಳಿಗೆ ಹೋಯಿತು. ಈ ಡಿಸೆಂಬರಿಗೆ ಇಬ್ಬರು ಈಗಲೇ ಫೋನ್ ಮಾಡಿ "ವೈಡ್ ಲೆನ್ಸ್ ಒಂದೇ ಒಂದು ತರ್ತೀವಿ, ಚೀಲದಲ್ಲೇ ಇರುತ್ತೆ" ಅಂದರು. ಬಂದರೆ ಬರಲಿ. ಮೇಲಿನ ತಿರುವಿಗೆ ವಾಕಿಟಾಕಿ ಹಿಡಿಯಲು ಇನ್ನೂ ಯಾರೂ ಸಿಕ್ಕಿಲ್ಲ.