ನೋವು ಬರುವ ಮೊದಲೇ ಹಲ್ಲು ತೋರಿಸಿ: ಮನೆಮಂದಿಗೆಲ್ಲ ಒಬ್ಬರೇ ದಂತವೈದ್ಯರು

ನಮ್ಮಲ್ಲಿ ಬಹಳ ಮಂದಿ ಹಲ್ಲಿನ ಡಾಕ್ಟರ ಮೆಟ್ಟಿಲು ಹತ್ತುವುದು ರಾತ್ರಿಯೆಲ್ಲ ನಿದ್ದೆಗೆಟ್ಟು, ಕೆನ್ನೆ ಊದಿ, ಲವಂಗದೆಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ದವಡೆಯಲ್ಲಿ ಕಚ್ಚಿಕೊಂಡ ಮೇಲೆಯೇ. ಇದಕ್ಕೆ ಉದಾಸೀನವೊಂದೇ ಕಾರಣವಲ್ಲ, ಹಲ್ಲಿನ ರಚನೆಯೂ ಹಾಗಿದೆ. ಹಲ್ಲಿನ ಹೊರಹೊದಿಕೆಯಾದ ಎನಾಮಲ್ ನಮ್ಮ ದೇಹದ ಅತ್ಯಂತ ಗಟ್ಟಿಯಾದ ವಸ್ತುವಾದರೂ ಅದರಲ್ಲಿ ನರಗಳಿಲ್ಲ. ಆದ್ದರಿಂದ ಹುಳುಕು ಅಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕೊರೆಯುತ್ತಿದ್ದರೂ ನಮಗೆ ತಿಳಿಯುವುದಿಲ್ಲ. ಅದು ಒಳಗಿನ ಡೆಂಟಿನ್ ಪದರವನ್ನು ಮುಟ್ಟಿದಾಗ ತಣ್ಣೀರಿಗೆ ಜುಮ್ಮೆನ್ನುತ್ತದೆ, ಇನ್ನೂ ಒಳಗೆ ರಕ್ತನಾಳ ಮತ್ತು ನರಗಳಿರುವ ತಿರುಳಿಗೆ ಇಳಿದಾಗ ನಿದ್ದೆ ಕೆಡಿಸುವ ನೋವು ಶುರುವಾಗುತ್ತದೆ.

ನನ್ನ ಕೆಳದವಡೆಯ ಹಲ್ಲೊಂದರ ಮೇಲೆ ಎಳ್ಳುಕಾಳಿನಷ್ಟು ಕಪ್ಪು ಚುಕ್ಕೆ ಕಂಡಾಗ, ನೋವಿಲ್ಲವಲ್ಲ ಎಂದು ಎರಡು ವರ್ಷ ಸುಮ್ಮನಿದ್ದೆ. ಒಂದೇ ಭೇಟಿಯಲ್ಲಿ ಸಿಮೆಂಟು ತುಂಬಿಸಿ ಮುಗಿಸಬಹುದಾಗಿದ್ದ ಆ ಕೆಲಸ ಕಡೆಗೆ ಕೆಟ್ಟ ತಿರುಳನ್ನು ತೆಗೆದು ಬೇರಿನೊಳಗನ್ನು ತುಂಬುವ ರೂಟ್ ಕೆನಾಲ್‌ಗೆ ಬಂದು, ಮೂರು ಸಲ ಓಡಾಡಿ, ಮೇಲೊಂದು ಕ್ಯಾಪು ಹಾಕಿಸಿಕೊಂಡ ಮೇಲೆ ಮುಗಿಯಿತು. ಅಂದಿನಿಂದ ನಮ್ಮ ಮನೆಯವರೆಲ್ಲ ಆರು ತಿಂಗಳಿಗೊಮ್ಮೆ, ನೋವಿರಲಿ ಬಿಡಲಿ, ಒಬ್ಬರೇ ದಂತವೈದ್ಯರ ಬಳಿ ಹೋಗುತ್ತಿದ್ದೇವೆ.

ಮನೆಯಲ್ಲಿ ಮಾಡಬೇಕಾದ ಕೆಲಸ

ಹಲ್ಲಿನ ಮೇಲೆ ಕಟ್ಟುವ ಅಂಟು ಪಾಚಿಯಲ್ಲಿರುವ ಬ್ಯಾಕ್ಟೀರಿಯಾಗಳು ನಾವು ತಿಂದ ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ, ಆ ಆಮ್ಲ ಎನಾಮಲಿನಲ್ಲಿರುವ ಖನಿಜವನ್ನು ಕರಗಿಸುತ್ತದೆ, ಅನಂತರ ಜೊಲ್ಲು ನಿಧಾನವಾಗಿ ಆ ಆಮ್ಲವನ್ನು ತಗ್ಗಿಸಿ ಕಳೆದುಹೋದ ಖನಿಜವನ್ನು ಸ್ವಲ್ಪಸ್ವಲ್ಪವಾಗಿ ಮರಳಿ ತುಂಬುತ್ತದೆ. ಹೀಗಾಗಿ ಎಷ್ಟು ಸಿಹಿ ತಿಂದೆವು ಎಂಬುದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದೆವು ಎಂಬುದೇ ಮುಖ್ಯವಾಗುತ್ತದೆ. ಹಬ್ಬದ ಊಟದ ಜೊತೆಗೆ ಎರಡು ಹೋಳಿಗೆ ತಿಂದು ಕೈ ತೊಳೆಯುವುದು ಹಲ್ಲಿಗೆ ಅಷ್ಟೇನೂ ಕೇಡಲ್ಲ. ಬೆಳಗಿನಿಂದ ಸಂಜೆಯವರೆಗೆ ಸಕ್ಕರೆ ಹಾಕಿದ ಕಾಫಿಯನ್ನು ಆರೇಳು ಸಲ ಗುಟುಕರಿಸುತ್ತ, ನಡುನಡುವೆ ದವಡೆಗೆ ಅಂಟುವ ಬಿಸ್ಕತ್ತು ತಿನ್ನುತ್ತಿದ್ದರೆ ಮಾತ್ರ ಜೊಲ್ಲಿಗೆ ತನ್ನ ಕೆಲಸ ಮಾಡಲು ಬಿಡುವೇ ಸಿಗುವುದಿಲ್ಲ.

ಮಲಗಿದಾಗ ಜೊಲ್ಲು ಒಸರುವುದು ಬಹಳ ಕಡಿಮೆಯಾಗುವುದರಿಂದ ರಾತ್ರಿ ಹಲ್ಲುಜ್ಜುವುದನ್ನು ಯಾವ ಕಾರಣಕ್ಕೂ ತಪ್ಪಿಸಬಾರದು. ಬೆಳಿಗ್ಗೆ ಶಾಸ್ತ್ರೋಕ್ತವಾಗಿ ಉಜ್ಜಿ ರಾತ್ರಿ ಹಾಗೆಯೇ ಮಲಗುವ ಪದ್ಧತಿ ನಮ್ಮ ಮನೆಗಳಲ್ಲಿ ಎಷ್ಟು ಬೇರೂರಿದೆಯೆಂದರೆ, ಎರಡರಲ್ಲಿ ಒಂದನ್ನೇ ಮಾಡಲು ಸಾಧ್ಯ ಎನ್ನುವವರಿಗೆ ನಾನು ರಾತ್ರಿಯದನ್ನೇ ಉಳಿಸಿಕೊಳ್ಳಿ ಎಂದು ಹೇಳುತ್ತೇನೆ.

ಬ್ರಷ್ಷಿನ ಎಳೆಗಳು ಮೃದುವಾಗಿರಬೇಕು. ಅದನ್ನು ಹಲ್ಲು ಮತ್ತು ವಸಡು ಕೂಡುವ ಗೆರೆಯ ಮೇಲೆ ಓರೆಯಾಗಿ, ಸುಮಾರು 45 ಡಿಗ್ರಿ ಕೋನದಲ್ಲಿ ಇಟ್ಟು, ಇದ್ದಲ್ಲಿಯೇ ಸಣ್ಣಗೆ ಅಲುಗಾಡಿಸಿ, ಅನಂತರ ವಸಡಿನಿಂದ ಹಲ್ಲಿನ ತುದಿಯ ಕಡೆಗೆ ಸವರಬೇಕು. ಹೀಗೆ ಹೊರಮೈ, ಒಳಮೈ, ಅಗಿಯುವ ಮೈ ಮೂರನ್ನೂ ಮುಗಿಸಲು ಎರಡು ನಿಮಿಷವಾದರೂ ಬೇಕು. ಪಾತ್ರೆ ತಿಕ್ಕುವಂತೆ ಅಡ್ಡಡ್ಡ ಒತ್ತಿ ಉಜ್ಜಿದರೆ ವಸಡು ಹಿಂದೆ ಸರಿದು, ಹಲ್ಲಿನ ಬುಡದಲ್ಲಿ ಗೀರು ಬೀಳುತ್ತದೆ. ಬಹಳ ಜನ ಮರೆಯುವ ಜಾಗವೆಂದರೆ ಕೆಳಗಿನ ಬಾಚಿಹಲ್ಲುಗಳ ಹಿಂಬದಿ. ಜೊಲ್ಲಿನ ಗ್ರಂಥಿಗಳ ಬಾಯಿ ಅಲ್ಲಿಯೇ ತೆರೆಯುವುದರಿಂದ ಪಾಚಿ ಬೇಗ ಗಟ್ಟಿಯಾಗಿ ಗಾರೆಯಂತೆ ಕೂರುತ್ತದೆ. ಈಗಲೇ ನಾಲಿಗೆಯ ತುದಿಯಿಂದ ಅಲ್ಲಿ ಸವರಿ ನೋಡಿ: ಮೇಲ್ಗಡೆಯ ಹಲ್ಲಿನ ನುಣುಪು ಅಲ್ಲಿ ಸಿಗದೆ, ಒರಟು ದಿಣ್ಣೆಯೊಂದು ತಗುಲಿದರೆ ಅದು ಬ್ರಷ್ಷಿಗೆ ಬಗ್ಗುವ ಹಂತವನ್ನು ದಾಟಿದೆ, ವೈದ್ಯರೇ ತೆಗೆಯಬೇಕು ಎಂದು ತಿಳಿಯಿರಿ.

ಪೇಸ್ಟಿನಲ್ಲಿ ಫ್ಲೋರೈಡ್ ಇರಲಿ. ನಮ್ಮ ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ಪೇಸ್ಟುಗಳಲ್ಲಿ ಅದು ಸುಮಾರು 1000 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ, ಇರುತ್ತದೆ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿಯಷ್ಟು ಸಾಕು. ಉಜ್ಜಿದ ಮೇಲೆ ನೊರೆಯನ್ನು ಉಗುಳಿ ಬಿಡಬೇಕೇ ಹೊರತು, ತಂಬಿಗೆ ನೀರಿನಲ್ಲಿ ಮುಕ್ಕಳಿಸಿ ಫ್ಲೋರೈಡನ್ನೆಲ್ಲ ತೊಳೆದುಹಾಕಬಾರದು. ನಿಂಬೆ ಪಾನಕ ಕುಡಿದ ತಕ್ಷಣ ಹಲ್ಲುಜ್ಜದೆ ಅರ್ಧ ಗಂಟೆ ಬಿಡಬೇಕು. ಬ್ರಷ್ಷನ್ನು ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಹಲ್ಲಿನ ಸಂದಿಗೆ ಫ್ಲಾಸ್ ದಾರವನ್ನೋ ಸಂದಿಗೆಂದೇ ಇರುವ ಸಣ್ಣ ಬ್ರಷ್ಷನ್ನೋ ಬಳಸಬೇಕು, ಬಳೆಗೆ ಸಿಕ್ಕಿಸಿದ ಪಿನ್ನನ್ನಲ್ಲ.

ಇದ್ದಿಲು, ಇಟ್ಟಿಗೆ ಪುಡಿ, ಹರಳುಪ್ಪು ಇವು ಹಲ್ಲನ್ನು ಬೆಳ್ಳಗೆ ತೋರಿಸುವುದು ಎನಾಮಲನ್ನು ಸವೆಸಿ. ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಬೇವಿನ ಕಡ್ಡಿಯನ್ನು ಚೆನ್ನಾಗಿ ಅಗಿದು ಮೆತ್ತಗೆ ಮಾಡಿಕೊಂಡು ಉಜ್ಜುವವರ ಬಗ್ಗೆ ನನಗೆ ಆಕ್ಷೇಪವಿಲ್ಲ, ಆದರೆ ಅದು ಹಲ್ಲುಗಳ ಒಳಮೈಯನ್ನು ತಲುಪುವುದು ಕಷ್ಟ ಮತ್ತು ಅದರಲ್ಲಿ ಫ್ಲೋರೈಡ್ ಇಲ್ಲ ಎಂಬುದು ನೆನಪಿರಲಿ.

ಫ್ಲೋರೈಡ್ ಎಂದ ಕೂಡಲೇ ಪಾವಗಡ, ಮುಂಡರಗಿ, ಕೋಲಾರದ ಕಡೆಯವರು ಬೆಚ್ಚುವುದು ಸಹಜ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಆಗಬಹುದು ಎಂಬುದು ನಮ್ಮ ದೇಶದ ಮಾನದಂಡ. ಆ ಭಾಗಗಳ ಅನೇಕ ಕೊಳವೆಬಾವಿಗಳ ನೀರು ಇದನ್ನು ಮೀರುತ್ತದೆ. ಹಲ್ಲು ಇನ್ನೂ ದವಡೆಯೊಳಗೆ ರೂಪುಗೊಳ್ಳುತ್ತಿರುವ ಮೊದಲ ಎಂಟು ವರ್ಷಗಳಲ್ಲಿ ಇಂಥ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಕಂದು ಪಟ್ಟೆಗಳು ಮೂಡುತ್ತವೆ. ಆ ಬಣ್ಣ ಎನಾಮಲಿನೊಳಗೇ ಇರುವುದರಿಂದ ಎಷ್ಟು ಉಜ್ಜಿದರೂ ಹೋಗದು, ಅದಕ್ಕಾಗಿ ಮಕ್ಕಳನ್ನು ಬೈದು ಉಪ್ಪು ಇದ್ದಿಲು ಹಾಕಿ ತಿಕ್ಕಿಸುವುದು ಅನ್ಯಾಯ. ಅಲ್ಲಿನ ತಂದೆತಾಯಿ ಎಳೆಯ ಮಕ್ಕಳಿಗೆ ಶುದ್ಧೀಕರಣ ಘಟಕದ ನೀರನ್ನೇ ಕುಡಿಸಿ, ಯಾವ ಪೇಸ್ಟು ಎಷ್ಟು ಎಂಬುದನ್ನು ದಂತವೈದ್ಯರನ್ನೇ ಕೇಳಬೇಕು. ದೊಡ್ಡವರಾದ ಮೇಲೆ ಆ ಕಲೆಗಳನ್ನು ಮರೆಮಾಡುವ ಚಿಕಿತ್ಸೆಯೂ ಇದೆ.

ಇನ್ನು ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ. ಕರ್ನಾಟಕದಲ್ಲಿ ಗುಟ್ಕಾ ಮಾರಾಟ 2013ರಿಂದ ನಿಷಿದ್ಧ, ಆದರೂ ಅಡಿಕೆ ಮತ್ತು ತಂಬಾಕನ್ನು ಬೇರೆಬೇರೆ ಪೊಟ್ಟಣದಲ್ಲಿ ಕೊಂಡು ಬೆರೆಸಿಕೊಳ್ಳುವವರಿದ್ದಾರೆ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್ ತರಬಲ್ಲದು ಎಂಬುದು, ಅಡಿಕೆ ಬೆಳೆಯುವ ನಾಡಿನವರಾದ ನಮಗೆ ಕೇಳಲು ಕಷ್ಟವಾದರೂ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸ್ಪಷ್ಟವಾಗಿ ಹೇಳಿರುವ ಮಾತು. ನಿಮ್ಮ ಬಾಯಿ ಅಗಲಿಸಿ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಮೇಲಿನ ಮತ್ತು ಕೆಳಗಿನ ಬಾಚಿಹಲ್ಲುಗಳ ನಡುವೆ ತೂರಿಸಿ ನೋಡಿ. ಮೂರು ಹಿಡಿಯದೆ ಎರಡಕ್ಕೇ ಬಿಗಿಯಾದರೆ, ಖಾರ ತಿಂದಾಗ ಬಾಯೆಲ್ಲ ಉರಿದರೆ, ಕೆನ್ನೆಯ ಒಳಗೆ ಬಿಳಿಯ ಅಥವಾ ಕೆಂಪು ಮಚ್ಚೆ ಕಂಡರೆ, ಇಲ್ಲವೇ ಬಾಯಿಹುಣ್ಣು ಎರಡು ವಾರವಾದರೂ ಮಾಯದಿದ್ದರೆ ಮುಂದಿನ ತಿಂಗಳಿಗೆಂದು ಕಾಯದೆ ಆ ವಾರವೇ ತೋರಿಸಬೇಕು.

ವೈದ್ಯರನ್ನು ಆರಿಸಿಕೊಳ್ಳುವುದು

ಬಿಡಿಎಸ್ ಪದವಿ ಮತ್ತು ರಾಜ್ಯದ ನೋಂದಣಿ ಸಂಖ್ಯೆ ಇರುವವರು, ಮನೆಗೆ ಹತ್ತಿರವಿರುವವರು, ಮಾಡುವ ಮೊದಲು ವಿವರಿಸುವವರು ಸಾಕು. ಹೊಳೆಯುವ ಗಾಜಿನ ಕ್ಲಿನಿಕ್ಕೇ ಬೇಕೆಂದಿಲ್ಲ. ಬಳಸುವ ಉಪಕರಣಗಳು ಆಟೋಕ್ಲೇವ್ ಮಾಡಿದ, ಅಂದರೆ ಒತ್ತಡದ ಬಿಸಿ ಹಬೆಯಲ್ಲಿ ಕ್ರಿಮಿ ಕೊಂದ, ಮೊಹರಾದ ಲಕೋಟೆಯಿಂದ ನಿಮ್ಮೆದುರೇ ಹೊರಬರುತ್ತವೆಯೇ, ಕೈಗವಸು ಪ್ರತಿ ರೋಗಿಗೂ ಹೊಸದೇ ಎಂಬುದನ್ನು ಗಮನಿಸಿ. ಕೇಳಲು ಸಂಕೋಚ ಬೇಡ. ಎಕ್ಸ್‌ರೇ ತೋರಿಸಿ, ಇರುವ ಎರಡು ಮೂರು ದಾರಿಗಳನ್ನೂ ಒಂದೊಂದಕ್ಕೆ ತಗಲುವ ಖರ್ಚನ್ನೂ ಮೊದಲೇ ಹೇಳುವವರು, ತಮ್ಮಿಂದಾಗದ್ದನ್ನು ಎಂಡಿಎಸ್ ಮಾಡಿದ ತಜ್ಞರ ಬಳಿ ಕಳುಹಿಸುವವರು ನಂಬಿಕೆಗೆ ಅರ್ಹರು.

ಒಬ್ಬರ ಬಳಿಯೇ ಹೋಗುವುದರ ದೊಡ್ಡ ಲಾಭ ನನಗೆ ಅರಿವಾದದ್ದು ನಮ್ಮ ಅಮ್ಮನ ವಿಷಯದಲ್ಲಿ. ಎಕ್ಸ್‌ರೇಯಲ್ಲಿ ಕಂಡ ಸಣ್ಣದೊಂದು ನೆರಳನ್ನು ಹೊಸಬರಾದರೆ ಕೊರೆದು ತುಂಬಿಬಿಡುತ್ತಿದ್ದರೇನೋ. ನಮ್ಮ ವೈದ್ಯರು ಎರಡು ವರ್ಷದ ಹಿಂದಿನ ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಿ, ಅದು ಬೆಳೆದಿಲ್ಲ, ಕಾಯೋಣ ಎಂದರು. ಇಂದಿಗೂ ಆ ಹಲ್ಲು ಹಾಗೆಯೇ ಇದೆ.

ಖರ್ಚಿನ ಭಯವಿದ್ದವರಿಗೆ ಜಿಲ್ಲಾಸ್ಪತ್ರೆಗಳ ದಂತ ವಿಭಾಗವಿದೆ, ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ, ದಾವಣಗೆರೆ, ಧಾರವಾಡ, ಬೆಳಗಾವಿ, ಮೈಸೂರು, ಮಂಗಳೂರು, ಮಣಿಪಾಲಗಳಲ್ಲಿ ದಂತ ಕಾಲೇಜುಗಳ ಆಸ್ಪತ್ರೆಗಳಿವೆ. ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕಣ್ಣೆದುರು ಚಿಕಿತ್ಸೆ ಮಾಡುವುದರಿಂದ ಸಮಯ ಹೆಚ್ಚು ಹಿಡಿಯುತ್ತದೆ, ಹಣ ಬಹಳ ಕಡಿಮೆ. ಹಲ್ಲು ಕಟ್ಟಿಸಿಕೊಳ್ಳಬೇಕಾದ ಬಡ ಹಿರಿಯರು ರಾಜ್ಯ ಸರ್ಕಾರದ ದಂತಭಾಗ್ಯ ಯೋಜನೆಯ ಬಗ್ಗೆ ಅಲ್ಲಿಯೇ ವಿಚಾರಿಸಬಹುದು.

ಕುರ್ಚಿಯ ಮೇಲೆ ಕೂರುವ ಮೊದಲು ಮತ್ತು ಅನಂತರ

ಮೊದಲ ಭೇಟಿಗೆ ನೀವು ನುಂಗುವ ಎಲ್ಲ ಮಾತ್ರೆಗಳ ಚೀಟಿಯನ್ನು ಒಯ್ಯಿರಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ಕವಾಟದ ತೊಂದರೆ, ಮೂಳೆ ಸವೆತಕ್ಕೆ ತೆಗೆದುಕೊಳ್ಳುವ ಔಷಧ, ಔಷಧದ ಅಲರ್ಜಿ, ಗರ್ಭಿಣಿಯಾಗಿರುವುದು ಇವುಗಳಲ್ಲಿ ಒಂದನ್ನೂ ಮುಚ್ಚಿಡಬಾರದು. ರಕ್ತ ತೆಳುವಾಗುವ ಮಾತ್ರೆಯನ್ನು ಹಲ್ಲು ಕೀಳಿಸುವ ಸಲುವಾಗಿ ನೀವಾಗಿಯೇ ನಿಲ್ಲಿಸುವುದು ಅಪಾಯಕಾರಿ. ಸಕ್ಕರೆ ಕಾಯಿಲೆಯವರು ಬೆಳಗಿನ ಹೊತ್ತನ್ನು ಗೊತ್ತು ಮಾಡಿಕೊಂಡು, ಎಂದಿನಂತೆ ತಿಂಡಿ ತಿಂದು ಮಾತ್ರೆ ನುಂಗಿಯೇ ಹೋಗಬೇಕು. ವಸಡಿನ ಸೋಂಕು ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಏರಿದ ಸಕ್ಕರೆ ವಸಡನ್ನು ಮತ್ತಷ್ಟು ಕೆಡಿಸುತ್ತದೆ.

ಗಾರೆ ತೆಗೆಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಮಾತನ್ನು ನಂಬಿ ವರ್ಷಗಟ್ಟಲೆ ವಸಡಿನಿಂದ ರಕ್ತ ಸುರಿಸಿಕೊಂಡವರನ್ನು ನಾನು ಕಂಡಿದ್ದೇನೆ. ಗಾರೆ ಬೆಳೆಯುತ್ತ ಹೋದಂತೆ ಅದರ ಕೆಳಗಿನ ಮೂಳೆ ಕರಗಿ ಹಲ್ಲು ಆಗಲೇ ಸಡಿಲವಾಗಿರುತ್ತದೆ. ಗಾರೆ ಹೋದಾಗ ಅದು ಗೊತ್ತಾಗುತ್ತದೆ, ಅಷ್ಟೆ. ಕೆಲವು ದಿನ ಜುಮ್ಮೆನ್ನುವುದೂ ತಾನಾಗಿ ಇಳಿಯುತ್ತದೆ. ಮೇಲ್ದವಡೆಯ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ ಎಂಬುದಕ್ಕೂ ಆಧಾರವಿಲ್ಲ, ದೃಷ್ಟಿಯ ನರವೇ ಬೇರೆ.

ಭಯವಿದ್ದರೆ ಮೊದಲೇ ಹೇಳಿ, ಎಡಗೈ ಎತ್ತಿದರೆ ನಿಲ್ಲಿಸಬೇಕೆಂದು ಒಪ್ಪಂದ ಮಾಡಿಕೊಳ್ಳಿ. ಇದರಿಂದ ನನಗೆ ಬಹಳ ಧೈರ್ಯ ಬಂತು. ರೂಟ್ ಕೆನಾಲಿನ ಮೊದಲ ಭೇಟಿಯಲ್ಲೇ ನೋವು ನಿಲ್ಲುವುದರಿಂದ ಅನೇಕರು ಮತ್ತೆ ಹೋಗುವುದೇ ಇಲ್ಲ. ತಾತ್ಕಾಲಿಕ ಸಿಮೆಂಟು ಬಿದ್ದುಹೋಗಿ, ಸೋಂಕು ಬೇರಿನ ತುದಿಗೆ ಇಳಿದು, ಉಳಿಯಬಹುದಾಗಿದ್ದ ಹಲ್ಲನ್ನು ಕೀಳಿಸಬೇಕಾಗುವುದು ಹೀಗೆಯೇ. ಹಲ್ಲು ಕೀಳಿಸಿದ ದಿನ ಹತ್ತಿಯನ್ನು ಅರ್ಧದಿಂದ ಮುಕ್ಕಾಲು ಗಂಟೆ ಕಚ್ಚಿ ಹಿಡಿಯಬೇಕು, ಉಗುಳುತ್ತಿರಬಾರದು, ಸ್ಟ್ರಾದಲ್ಲಿ ಹೀರಬಾರದು, ಬೀಡಿ ಸಿಗರೇಟು ಮುಟ್ಟಬಾರದು; ಉಗುರುಬೆಚ್ಚಗಿನ ಉಪ್ಪುನೀರು ಮರುದಿನದಿಂದ.

ಮಕ್ಕಳ ಹಲ್ಲು

ಹೇಗಿದ್ದರೂ ಬಿದ್ದುಹೋಗುವ ಹಾಲುಹಲ್ಲಿಗೆ ಯಾಕೆ ದುಡ್ಡು ಎಂದು ಹಿರಿಯರು ಕೇಳುತ್ತಾರೆ. ಇಪ್ಪತ್ತು ಹಾಲುಹಲ್ಲುಗಳು ಶಾಶ್ವತ ಹಲ್ಲುಗಳಿಗೆ ಜಾಗ ಕಾದಿರಿಸುತ್ತವೆ, ಹಿಂದಿನವು ಹತ್ತು ಹನ್ನೆರಡು ವರ್ಷದವರೆಗೂ ಬಾಯಲ್ಲಿರುತ್ತವೆ. ಮೊದಲ ಹಲ್ಲು ಮೂಡಿದ ಮೇಲೆ, ವರ್ಷ ತುಂಬುವುದರೊಳಗೆ ಮಗುವನ್ನು ಒಮ್ಮೆ ತೋರಿಸಬೇಕು. ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ಮಲಗುವ ಅಭ್ಯಾಸವನ್ನು ಬಿಡಿಸಬೇಕು.

ನನ್ನ ಮಗಳಿಗೆ ಆರು ವರ್ಷವಾದಾಗ, ಒಂದು ರಾತ್ರಿ ಹಲ್ಲುಜ್ಜಿಸುತ್ತಿರುವಾಗ ಕೊನೆಯ ಹಾಲುಹಲ್ಲಿನ ಹಿಂದೆ, ವಸಡಿನ ಅಂಚಿನಿಂದ ಇಣುಕುತ್ತಿದ್ದ ಬಿಳಿಯ ಮೂಲೆಯೊಂದು ಕಂಡಿತು. ಯಾವ ಹಲ್ಲೂ ಬೀಳದೆ ಹುಟ್ಟುವ ಈ ದವಡೆಹಲ್ಲನ್ನು ಹಾಲುಹಲ್ಲೆಂದೇ ತಿಳಿದು ಅಲಕ್ಷಿಸುವುದು ಸಾಮಾನ್ಯ, ಆದರೆ ಅದು ಜೀವಮಾನವಿಡೀ ಇರಬೇಕಾದ ಹಲ್ಲು. ಅದರ ಆಳವಾದ ಗೀರುಗಳಲ್ಲಿ ಹುಳುಕು ಬೇಗ ಹಿಡಿಯುವುದರಿಂದ, ಪೂರ್ತಿ ಮೇಲೆ ಬಂದ ಕೂಡಲೇ ವೈದ್ಯರು ಅವುಗಳನ್ನು ಸೀಲೆಂಟ್ ಎಂಬ ತೆಳು ಲೇಪದಿಂದ ಮುಚ್ಚಿದರು. ಕೊರೆಯುವುದೂ ಇಲ್ಲ, ಚುಚ್ಚುಮದ್ದೂ ಇಲ್ಲ.

ತುರ್ತು ಸಮಯದಲ್ಲಿ

ವೈದ್ಯರ ದೂರವಾಣಿ ಸಂಖ್ಯೆಯನ್ನು ಮನೆಯ ಎಲ್ಲರಿಗೂ ಕಾಣುವ ಕಡೆ ಬರೆದಿಡಿ. ಹಲ್ಲುನೋವಿಗೆಂದು ನೋವಿನ ಮಾತ್ರೆಯನ್ನು ವಸಡಿಗೆ ಒತ್ತಿಡಬಾರದು, ಅಲ್ಲಿ ಸುಟ್ಟ ಹುಣ್ಣಾಗುತ್ತದೆ. ಊದಿದ ಕೆನ್ನೆಗೆ ಬಿಸಿ ಶಾಖ ಕೊಡಬಾರದು. ಔಷಧ ಅಂಗಡಿಯಲ್ಲಿ ಕೇಳಿ ಆ್ಯಂಟಿಬಯಾಟಿಕ್ ನುಂಗಬಾರದು. ಊತ ಕುತ್ತಿಗೆಗೆ ಅಥವಾ ಕಣ್ಣಿನ ಕಡೆಗೆ ಹಬ್ಬಿ, ಜ್ವರ ಬಂದು, ನುಂಗಲು ಕಷ್ಟವಾದರೆ ರಾತ್ರಿಯಾದರೂ ಆಸ್ಪತ್ರೆಗೇ ಹೋಗಬೇಕು.

ಆಟದಲ್ಲಿ ಬಿದ್ದು ಶಾಶ್ವತ ಹಲ್ಲು ಬೇರುಸಹಿತ ಕಳಚಿ ಬಂದರೆ, ಬೇರನ್ನು ಮುಟ್ಟದೆ ಬಿಳಿಯ ಭಾಗವನ್ನು ಹಿಡಿದು, ಮಣ್ಣಾಗಿದ್ದರೆ ತಿಕ್ಕದೆ ಕೆಲವೇ ಕ್ಷಣ ನೀರಲ್ಲಿ ತೊಳೆದು, ಸಾಧ್ಯವಾದರೆ ಅದರ ಗೂಡಿನಲ್ಲಿಯೇ ಕೂರಿಸಿ ಬಟ್ಟೆ ಕಚ್ಚಿಸಿ. ಆಗದಿದ್ದರೆ ಒಂದು ಲೋಟ ತಣ್ಣನೆಯ ಹಾಲಿನಲ್ಲಿ ಹಾಕಿಕೊಂಡು ಅರ್ಧ ಗಂಟೆಯೊಳಗೆ, ಹೆಚ್ಚೆಂದರೆ ಒಂದು ಗಂಟೆಯೊಳಗೆ ವೈದ್ಯರನ್ನು ತಲುಪಿ. ಹಾಲುಹಲ್ಲಾದರೆ ಮಾತ್ರ ಮರಳಿ ಕೂರಿಸಬಾರದು, ಕೆಳಗೆ ಬೆಳೆಯುತ್ತಿರುವ ಹಲ್ಲಿಗೆ ಪೆಟ್ಟಾಗುತ್ತದೆ. ಮಗುವನ್ನು ಮಾತ್ರ ಅದೇ ದಿನ ತೋರಿಸಿ ಬನ್ನಿ.