ಬೇಸಿಗೆ ರಜೆಯಲ್ಲಿ ಟೈಪ್ 1 ಶುಗರ್ ಇರುವ ಪುಟ್ಟ ಮಗು

ಬೇಸಿಗೆಯಲ್ಲಿ ಎಲ್ಲ ಮಕ್ಕಳಿಗೂ ಬಾಯಾರುತ್ತದೆ. ಎಲ್ಲ ಮಕ್ಕಳೂ ಬೆವರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಿ ರಚ್ಚೆ ಹಿಡಿಯುತ್ತಾರೆ. ಟೈಪ್ 1 ಡಯಾಬಿಟಿಸ್ ಇರುವ ಪುಟ್ಟ ಮಗುವಿನ ಅಪ್ಪ ಅಮ್ಮನಿಗೆ ಫಜೀತಿ ಶುರುವಾಗುವುದೇ ಇಲ್ಲಿ. ಶುಗರ್ ಏರಿದರೂ ಬಾಯಾರುತ್ತದೆ. ಶುಗರ್ ಇಳಿದರೂ ಬೆವರು ಬರುತ್ತದೆ, ರಚ್ಚೆ ಬರುತ್ತದೆ. ಬಿಸಿಲು, ಶುಗರ್ ಎರಡೂ ಒಂದೇ ವೇಷ ಹಾಕಿಕೊಂಡು ಬರುತ್ತವೆ. ಮೂರು ನಾಲ್ಕು ವರ್ಷದ ಮಗುವಿಗೆ ತನಗೆ ಏನಾಗುತ್ತಿದೆ ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಅದನ್ನು ನೋಡಿ ತಿಳಿದುಕೊಳ್ಳುವ ಕೆಲಸ ದೊಡ್ಡವರದ್ದು.

ನನ್ನ ಮೊಮ್ಮಗಳು ಈ ಕಾಯಿಲೆಯ ಜೊತೆಗೇ ಬೆಳೆದವಳು. ಅವಳನ್ನು ನೋಡಿಕೊಳ್ಳುತ್ತಾ ಕಲಿತದ್ದನ್ನು, ಡಾಕ್ಟರು ಹೇಳಿಕೊಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇನ್ಸುಲಿನ್ ಡೋಸ್ ಎಷ್ಟು ಎನ್ನುವುದು ಮಾತ್ರ ನಿಮ್ಮ ಡಾಕ್ಟರಿಗೇ ಬಿಟ್ಟ ವಿಷಯ. ನಾನು ಹೇಳುವುದು ಮನೆಯೊಳಗಿನ ಮಾತು.

ಮೊದಲು ಬಾಯಾರಿಕೆ. ಮಗು ಪದೇ ಪದೇ ನೀರು ಕೇಳುತ್ತಿದ್ದರೆ "ಸೆಕೆ ಅಲ್ವಾ, ಅದಕ್ಕೇ" ಎಂದು ಸುಮ್ನೆ ಇರಬೇಡಿ. ಅದರ ಮೂತ್ರ ನೋಡಿ. ಬಿಸಿಲಿನಿಂದ ಒಣಗಿದ ಮಗು ಮೂತ್ರ ಮಾಡುವುದು ಕಡಿಮೆ, ಬಣ್ಣವೂ ಗಾಢ ಹಳದಿ. ಶುಗರ್ ಏರಿದ ಮಗು ಇಷ್ಟು ನೀರು ಕುಡಿದು ಅಷ್ಟೂ ಮೂತ್ರ ಮಾಡುತ್ತದೆ, ಬಣ್ಣ ತಿಳಿಯಾಗಿರುತ್ತದೆ. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಒದ್ದೆ ಮಾಡಿದರೆ ಬೈಯಬೇಡಿ, ಶುಗರ್ ನೋಡಿ. ಆದರೆ ಬರೀ ಮೂತ್ರ ನೋಡಿ ತೀರ್ಮಾನಕ್ಕೆ ಬರುವಂತಿಲ್ಲ. ಎರಡೂ ಒಟ್ಟಿಗೇ ಆಗಬಹುದು. ಶುಗರ್ ಜಾಸ್ತಿಯಾದರೆ ಮೂತ್ರದಲ್ಲಿ ನೀರು ಹೋಗುತ್ತದೆ, ಮೈ ಒಣಗುತ್ತದೆ. ಮೈ ಒಣಗಿದರೆ ರಕ್ತದಲ್ಲಿ ಶುಗರ್ ಇನ್ನೂ ದಟ್ಟವಾಗುತ್ತದೆ. ಒಂದು ಇನ್ನೊಂದನ್ನು ಎಳೆಯುತ್ತದೆ. ಅದಕ್ಕೇ ಮಗು ಕೇಳುವವರೆಗೆ ಕಾಯದೆ ಆಗಾಗ ನೀರು ಕುಡಿಸಿ. ಬಾಯಾರಿಕೆಗೆ ಕೊಡುವುದು ನೀರು ಆಗಿರಲಿ, ಜ್ಯೂಸ್ ಬೇಡ. ಜ್ಯೂಸಿಗೆ ಬೇರೆ ಕೆಲಸ ಇದೆ, ಮುಂದೆ ಹೇಳುತ್ತೇನೆ.

ಇನ್ನು ಬೆವರು. ಆಟ ಆಡಿ ಬೆವರಿದ ಮಗುವಿನ ಮೈ ಬೆಚ್ಚಗಿರುತ್ತದೆ, ಮುಖ ಕೆಂಪಗಿರುತ್ತದೆ. ಲೋ ಆದ, ಅಂದರೆ ಶುಗರ್ ತೀರಾ ಇಳಿದ ಮಗುವಿನ ಮುಖ ಬಿಳುಚಿಕೊಳ್ಳುತ್ತದೆ, ಕತ್ತಿನ ಹಿಂದೆ ತಣ್ಣನೆಯ ಅಂಟು ಬೆವರು ಇರುತ್ತದೆ. ಕೈ ನಡುಗುತ್ತದೆ. ಕೆಲವು ಮಕ್ಕಳು ಇದ್ದಕ್ಕಿದ್ದಂತೆ ಜಗಳ ತೆಗೆಯುತ್ತಾರೆ, ಕೆಲವರು ಮಂಕಾಗಿ ಮೂಲೆ ಹಿಡಿಯುತ್ತಾರೆ. ನಮ್ಮವಳು ಆಡುತ್ತಿದ್ದ ಗೊಂಬೆಯನ್ನು ಅಲ್ಲೇ ಬಿಟ್ಟು ಬಂದು ನನ್ನ ತೊಡೆಗೆ ತಲೆ ಒರಗಿಸುತ್ತಿದ್ದಳು. ಬೇರೆ ಯಾವ ಲಕ್ಷಣ ಕಾಣುವ ಮೊದಲೇ ಇದು ಕಾಣುತ್ತಿತ್ತು. ನಿಮ್ಮ ಮಗುವಿಗೂ ಇಂಥದ್ದೊಂದು ಗುರುತು ಇದ್ದೇ ಇರುತ್ತದೆ. ಹುಡುಕಿಟ್ಟುಕೊಳ್ಳಿ, ಮನೆಯವರಿಗೆಲ್ಲ ಹೇಳಿ.

ಅನುಮಾನ ಬಂದರೆ ಬೆರಳು ಚುಚ್ಚಿ ನೋಡುವುದೇ ಸರಿ. ಮೈಗೆ ಅಂಟಿಸಿ ಶುಗರ್ ತೋರಿಸುವ ಸೆನ್ಸರ್ ಹಾಕಿದ್ದರೂ ಮಗು ಕಾಣುವ ರೀತಿಗೂ ಅದು ತೋರಿಸುವ ಅಂಕಿಗೂ ತಾಳೆಯಾಗದಿದ್ದರೆ ಬೆರಳಲ್ಲೇ ನೋಡಿ. ಚುಚ್ಚುವ ಮೊದಲು ಮಗುವಿನ ಕೈ ತೊಳೆದು ಒರೆಸಿ. ಬೇಸಿಗೆಯಲ್ಲಿ ಮಕ್ಕಳ ಬೆರಳಿಗೆ ಹಣ್ಣಿನ ರಸ, ಐಸ್‌ಕ್ರೀಮ್ ಮೆತ್ತಿಕೊಂಡಿರುವುದೇ ಜಾಸ್ತಿ. ಆ ಸಕ್ಕರೆ ಸೇರಿದರೆ ಮೀಟರ್ ಇರುವುದಕ್ಕಿಂತ ಹೆಚ್ಚಿನ ಸುಳ್ಳು ಅಂಕಿ ತೋರಿಸುತ್ತದೆ. ಅದನ್ನು ನಂಬಿ ಶುಗರ್ ಇಳಿಸುವ ಇನ್ಸುಲಿನ್ ಕೊಟ್ಟರೆ ಅಪಾಯ. ಚುಚ್ಚುವುದು ಬೆರಳ ತುದಿಯ ಪಕ್ಕಕ್ಕೆ, ನಡುವೆ ಅಲ್ಲ. ಪಕ್ಕದಲ್ಲಿ ನೋವು ಕಡಿಮೆ. ಮೀಟರಿಗೆ ಹಾಕುವ ಸ್ಟ್ರಿಪ್ಪಿನ ಡಬ್ಬಿಯನ್ನು ಬಿಸಿಲಲ್ಲಿ, ಒಲೆ ಪಕ್ಕದಲ್ಲಿ ಇಡಬೇಡಿ, ತೆಗೆದ ಕೂಡಲೇ ಮುಚ್ಚಳ ಹಾಕಿ.

ಶುಗರ್ 70ಕ್ಕಿಂತ (mg/dL) ಕಡಿಮೆ ಬಂದರೆ ಕೂಡಲೇ ಸಕ್ಕರೆ ಕೊಡಬೇಕು. ಜ್ಯೂಸಿನ ಕೆಲಸ ಇದೇ. ಗ್ಲೂಕೋಸ್ ಪುಡಿ, ನೀರಲ್ಲಿ ಕದಡಿದ ಸಕ್ಕರೆಯೂ ಆಗುತ್ತದೆ. ದೊಡ್ಡವರಿಗೆ ಹೇಳುವ 15 ಗ್ರಾಂ ಪುಟ್ಟ ಮಕ್ಕಳಿಗೆ ಜಾಸ್ತಿಯಾಗುತ್ತದೆ. ಮಗುವಿನ ತೂಕದ ಪ್ರತಿ ಕೆಜಿಗೆ 0.3 ಗ್ರಾಂ ಎಂದು ಲೆಕ್ಕ. 15 ಕೆಜಿ ಮಗುವಿಗೆ ಸುಮಾರು 5 ಗ್ರಾಂ, ಅಂದರೆ ಟೀ ಚಮಚದಲ್ಲಿ ತುಂಬ ಒಂದು ಚಮಚ ಸಕ್ಕರೆ. ಕೊಟ್ಟು 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಮತ್ತೆ ಅಷ್ಟೇ ಕೊಡಿ. ಚಾಕೊಲೇಟ್, ಐಸ್‌ಕ್ರೀಮ್ ಈ ಹೊತ್ತಿಗೆ ಆಗುವುದಿಲ್ಲ. ಅದರಲ್ಲಿರುವ ಕೊಬ್ಬಿನಿಂದಾಗಿ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಹೋಗುತ್ತದೆ. ಮೀಟರ್ ಕೈಗೆ ಸಿಗದಿದ್ದರೆ ಹುಡುಕುತ್ತಾ ಹೊತ್ತು ಕಳೆಯಬೇಡಿ, ಲೋ ಎಂದೇ ತಿಳಿದು ಸಕ್ಕರೆ ಕೊಡಿ. ಮಗುವಿಗೆ ಎಚ್ಚರ ತಪ್ಪಿದ್ದರೆ, ಫಿಟ್ಸ್ ಬಂದಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬೇಡಿ, ಹನಿ ನೀರು ಕೂಡ. ಪಕ್ಕಕ್ಕೆ ಮಲಗಿಸಿ, ಡಾಕ್ಟರು ಬರೆದುಕೊಟ್ಟಿರುವ, ಶುಗರ್ ಏರಿಸುವ ಔಷಧಿ ಗ್ಲುಕಗಾನ್ ಕೊಟ್ಟು ಆಂಬುಲೆನ್ಸ್ ಕರೆಯಿರಿ. ಗ್ಲುಕಗಾನ್ ಎಲ್ಲಿದೆ, ಹೇಗೆ ಕೊಡುವುದು ಎಂದು ಮನೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿದ್ದರೆ ಸಾಲದು.

ಬೇಸಿಗೆಯಲ್ಲಿ ಲೋ ಜಾಸ್ತಿ ಆಗಲು ಕಾರಣ ಇದೆ. ಸೆಕೆಗೆ ಚರ್ಮದ ಕಡೆ ರಕ್ತ ಜಾಸ್ತಿ ಹರಿಯುತ್ತದೆ, ಚುಚ್ಚಿದ ಇನ್ಸುಲಿನ್ ಬೇಗ ಬೇಗ ಮೈಗೆ ಸೇರುತ್ತದೆ. ಇಂಜೆಕ್ಷನ್ ಕೊಟ್ಟ ಕೂಡಲೇ ಬಿಸಿನೀರಿನ ಸ್ನಾನ ಮಾಡಿಸಿದರೂ ಹೀಗೇ ಆಗುತ್ತದೆ. ಓಡಿ ಆಡಲು ಹೊರಡುವ ಮುಂಚೆ ತೊಡೆಗೆ ಚುಚ್ಚದೆ ಹೊಟ್ಟೆಗೋ ಪೃಷ್ಠಕ್ಕೋ ಚುಚ್ಚಿ.

ಈಗ ಇನ್ಸುಲಿನ್ ಇಡುವ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಬೇಸಿಗೆಯಲ್ಲಿ ಕಾರಣವೇ ಗೊತ್ತಾಗದೆ ಶುಗರ್ ಏರುತ್ತಾ ಹೋಗುವ ಮನೆಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ. ಒಡೆಯದ ಇನ್ಸುಲಿನ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು. ಫ್ರೀಜರಿನಲ್ಲಿ ಬೇಡ, ಅದರ ಕೆಳಗೆ ಅಂಟಿಸಿದಂತೆಯೂ ಬೇಡ, ಹಿಂದಿನ ಗೋಡೆಗೆ ತಾಗಿಸಿಯೂ ಬೇಡ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಚೆನ್ನಾಗಿದ್ದರೂ ಕೆಲಸಕ್ಕೆ ಬಾರದು, ಎಸೆಯಿರಿ. ಬಳಸುತ್ತಿರುವ ಬಾಟಲಿ ಅಥವಾ ಇನ್ಸುಲಿನ್ ಪೆನ್ (ಪೆನ್ನಿನಂಥ ಚುಚ್ಚುವ ಸಾಧನ) ಹೊರಗೆ ಇರಬಹುದು, ಸಾಮಾನ್ಯವಾಗಿ ನಾಲ್ಕು ವಾರದವರೆಗೆ. ಆದರೆ ಅದು ಕೋಣೆ 25ರಿಂದ 30 ಡಿಗ್ರಿ ಮೀರದಿದ್ದಾಗಿನ ಮಾತು. ಒಂದೊಂದು ಇನ್ಸುಲಿನ್ನಿಗೆ ಒಂದೊಂದು ಮಿತಿ, ಪೊಟ್ಟಣದೊಳಗಿನ ಚೀಟಿಯಲ್ಲಿ ಬರೆದಿರುತ್ತದೆ. ಒಡೆದ ದಿನದ ತಾರೀಕನ್ನು ಬಾಟಲಿಯ ಮೇಲೆ ಬರೆದುಬಿಡಿ. ನೆನಪನ್ನು ನಂಬಬೇಡಿ.

ಫ್ರಿಜ್ ಇಲ್ಲದ ಮನೆಯವರು, ಕರೆಂಟು ಕೈಕೊಡುವ ಕಡೆಯವರು ಹೆದರಬೇಕಿಲ್ಲ. ದೊಡ್ಡ ಮಣ್ಣಿನ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವಿನ ಸಂದಿಗೆ ಮರಳು ತುಂಬಿ, ಮರಳಿಗೆ ನೀರು ಹಾಕಿ. ಚಿಕ್ಕ ಮಡಕೆಯೊಳಗೆ ಇನ್ಸುಲಿನ್ನನ್ನು ಒದ್ದೆಯಾಗದಂತೆ ಕವರಿನಲ್ಲಿ ಹಾಕಿಡಿ. ಮೇಲೆ ಒದ್ದೆ ಬಟ್ಟೆ ಮುಚ್ಚಿ, ಗಾಳಿ ಆಡುವ ನೆರಳಲ್ಲಿ ಇಡಿ. ನೀರು ಆರುತ್ತಾ ಆರುತ್ತಾ ಒಳಗೆ ತಂಪಾಗುತ್ತದೆ. ಒಣ ಸೆಕೆಯಲ್ಲಿ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ಜಿಗುಟು ಸೆಕೆಯಲ್ಲಿ ಅಷ್ಟಾಗಿ ಇಲ್ಲ. ದಿನಾ ಮರಳು ಮುಟ್ಟಿ ನೋಡಿ, ಒಣಗಿದ್ದರೆ ನೀರು ಹಾಕಿ.

ಚುಚ್ಚುವ ಮೊದಲು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ತಿಳಿಯಾಗಿರಬೇಕಾದ ಇನ್ಸುಲಿನ್ ಮಸುಕಾಗಿದ್ದರೆ ಬೇಡ. ಹಾಲಿನಂತೆ ಬೆಳ್ಳಗಿರುವ ಬಗೆಯಾದರೆ ನಿಧಾನವಾಗಿ ಉರುಳಿಸಿದ ಮೇಲೂ ಗಂಟು ಗಂಟಾಗಿ ಉಳಿದರೆ, ಗಾಜಿಗೆ ಪುಡಿ ಅಂಟಿದ್ದರೆ ಬೇಡ. ನೋಡಲು ಸರಿಯಿದ್ದರೂ ಸೆಕೆಗೆ ಕೆಟ್ಟಿರಬಹುದು. ಊಟ, ಡೋಸು ಎಲ್ಲ ಸರಿಯಿದ್ದೂ ಶುಗರ್ ಇಳಿಯದಿದ್ದರೆ ಹೊಸ ಬಾಟಲಿ ಒಡೆಯಿರಿ. ಇನ್ಸುಲಿನ್ ಪೆನ್ನಿಗೆ ಸೂಜಿ ಸಿಕ್ಕಿಸಿಯೇ ಇಡಬೇಡಿ, ಸೆಕೆಗೆ ಹಿಗ್ಗಿ ಕುಗ್ಗಿ ಒಳಗೆ ಗಾಳಿ ಸೇರುತ್ತದೆ. ನಿಲ್ಲಿಸಿದ ಕಾರಿನಲ್ಲಿ ಇನ್ಸುಲಿನ್ನನ್ನಾಗಲಿ ಮೀಟರನ್ನಾಗಲಿ ಬಿಡಬೇಡಿ. ಮಗುವನ್ನಂತೂ ಒಂದು ನಿಮಿಷಕ್ಕೂ ಬಿಡಬೇಡಿ.

ಆಟ ನಿಲ್ಲಿಸಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಹೆದರಿ ಮಗುವನ್ನು ಬೇಸಿಗೆಯಿಡೀ ಒಳಗೆ ಕೂಡಿಹಾಕುವವರನ್ನು ಕಂಡಿದ್ದೇನೆ. ಆ ಹೆದರಿಕೆ ನನಗೆ ಅರ್ಥವಾಗುತ್ತದೆ, ಆದರೆ ಅದು ಮಗುವಿಗೆ ಮಾಡುವ ಅನ್ಯಾಯ. ಬೆಳಿಗ್ಗೆ ಬೇಗ, ಸಂಜೆ ಬಿಸಿಲು ತಗ್ಗಿದ ಮೇಲೆ ಆಡಲಿ. ಆಟಕ್ಕೆ ಮುಂಚೆ ಒಮ್ಮೆ, ಉದ್ದ ಆಟವಾದರೆ ನಡುವೆ ಒಮ್ಮೆ ಶುಗರ್ ನೋಡಿ. ನೀರಿಗೆ ಇಳಿಸುವಾಗ ಲೋ ಎಂದರೇನು ಎಂದು ಗೊತ್ತಿರುವ ದೊಡ್ಡವರೊಬ್ಬರು ಮಗುವಿನ ಕೈಗೆಟಕುವಷ್ಟು ಹತ್ತಿರ ಇರಬೇಕು. ನೀರಲ್ಲಿ ಬೆವರು ಕಾಣುವುದಿಲ್ಲ, ನಡುಕ ಬಂದರೆ ಚಳಿಗೆ ಎಂದುಕೊಳ್ಳುತ್ತೇವೆ. ಜ್ಯೂಸ್ ದಡದಲ್ಲೇ ಇರಲಿ. ಮೈಗೆ ಹಾಕಿದ ಇನ್ಸುಲಿನ್ ಪಂಪ್ ಬಿಚ್ಚಿಡುವುದಾದರೆ ಎಷ್ಟು ಹೊತ್ತು ಎಂದು ಡಾಕ್ಟರನ್ನು ಮೊದಲೇ ಕೇಳಿಕೊಳ್ಳಿ, ಬಿಚ್ಚಿದ್ದನ್ನು ಬಿಸಿಲಲ್ಲಿ ಇಡಬೇಡಿ. ಚೆನ್ನಾಗಿ ಆಡಿದ ದಿನ ಲೋ ಆಗಲೇ ಬರಬೇಕೆಂದಿಲ್ಲ. ಎಷ್ಟೋ ಗಂಟೆ ಬಿಟ್ಟು ನಡುರಾತ್ರಿಯಲ್ಲಿ ಬರಬಹುದು. ಅಂಥ ದಿನ ಮಲಗುವಾಗ ಒಮ್ಮೆ ನೋಡಿ, ರಾತ್ರಿ ಎರಡು ಮೂರರ ಹೊತ್ತಿಗೆ ಅಲಾರಾಂ ಇಟ್ಟು ಎದ್ದು ಇನ್ನೊಮ್ಮೆ ನೋಡಿ. ಅಪ್ಪ ಅಮ್ಮ ಸರದಿ ಹಾಕಿಕೊಳ್ಳಲಿ. ಒಬ್ಬರೇ ಎಲ್ಲ ರಾತ್ರಿ ಏಳುತ್ತಿದ್ದರೆ ಅವರ ಮೈ ಮನಸ್ಸು ಎರಡೂ ಸೋಲುತ್ತವೆ.

ಚಪ್ಪಲಿ ಹಾಕದೆ ಕಾದ ನೆಲದ ಮೇಲೆ ಓಡಲು ಬಿಡಬೇಡಿ. ಬೆವರಿಗೆ ಸೆನ್ಸರ್ ಕಿತ್ತುಬರುತ್ತಿದ್ದರೆ ಹಚ್ಚುವ ಜಾಗವನ್ನು ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಹಚ್ಚಿ. ಆ ಜಾಗಕ್ಕೆ ಮೊದಲೇ ಎಣ್ಣೆ, ಕ್ರೀಮ್ ಬೇಡ.

ರಜೆ ಬಂದರೆ ಮನೆಯ ಗಡಿಯಾರ ಹಳಿ ತಪ್ಪುತ್ತದೆ. ಏಳುವುದು ತಡ, ತಿಂಡಿ ತಡ, ಮಧ್ಯೆ ಮಧ್ಯೆ ಬಾಯಾಡಿಸುವುದು ಜಾಸ್ತಿ. ಎಲ್ಲವನ್ನೂ ಶಾಲೆಯ ದಿನದಂತೆ ಬಿಗಿ ಹಿಡಿಯಬೇಕು ಎಂದು ನಾನು ಹೇಳುವುದಿಲ್ಲ. ದಿನಕ್ಕೊಮ್ಮೆ ಕೊಡುವ ದೀರ್ಘಾವಧಿ ಇನ್ಸುಲಿನ್ನಿನ ಹೊತ್ತು ಮಾತ್ರ ಬದಲಾಗುವುದು ಬೇಡ. ಉಳಿದದ್ದು ಸ್ವಲ್ಪ ಆಚೀಚೆ ಆಗಲಿ. ಐಸ್‌ಕ್ರೀಮ್ ಕೂಡ ಸಂಪೂರ್ಣ ನಿಷೇಧ ಬೇಡ. ಲೆಕ್ಕ ಹಾಕಿ, ಅದಕ್ಕೆ ತಕ್ಕ ಇನ್ಸುಲಿನ್ ಕೊಟ್ಟು, ಉಳಿದ ಮಕ್ಕಳ ಜೊತೆ ಕೂರಿಸಿ ತಿನ್ನಿಸಿ. ಎಲ್ಲರೂ ತಿನ್ನುವಾಗ ಒಬ್ಬಳನ್ನೇ ಎಬ್ಬಿಸಿ ಕರೆದೊಯ್ದರೆ ಆ ಮಗು ಕದ್ದು ತಿನ್ನುವುದನ್ನು ಕಲಿಯುತ್ತದೆ. ಕದ್ದು ತಿಂದದ್ದಕ್ಕೆ ಇನ್ಸುಲಿನ್ ಲೆಕ್ಕ ಹಾಕುವವರು ಯಾರು?

ರಜೆಯಲ್ಲಿ ನೆಂಟರು ಬರುತ್ತಾರೆ. "ಪಾಪ, ನಾಲ್ಕು ದಿನ ಸೂಜಿ ಬಿಡಿ" ಎನ್ನುವವರೂ ಇರುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಜಗಳ ಆಡಬೇಡಿ. ಆದರೆ ಜಗ್ಗಲೂ ಬೇಡಿ. ಈ ಮಕ್ಕಳ ಮೈ ತಾನೇ ಇನ್ಸುಲಿನ್ ಮಾಡುವುದನ್ನು ನಿಲ್ಲಿಸಿಬಿಟ್ಟಿದೆ. 1922ರ ಜನವರಿಯಲ್ಲಿ ಟೊರಾಂಟೋದ ಆಸ್ಪತ್ರೆಯಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಅದಕ್ಕೆ ಮುಂಚೆ ಈ ಕಾಯಿಲೆ ಬಂದ ಮಕ್ಕಳು ಹೆಚ್ಚು ದಿನ ಬದುಕುತ್ತಿರಲಿಲ್ಲ. ಇಷ್ಟನ್ನು ಶಾಂತವಾಗಿ ಹೇಳಿ. ನಾನು ಹೇಳಿದಾಗಲೆಲ್ಲ ಕೇಳಿದವರು ಆಮೇಲೆ ಸೂಜಿ ಕೊಡುವಾಗ ಮಗುವಿನ ಪಕ್ಕ ಬಂದು ಕೂತಿದ್ದಾರೆ.

ವಾಂತಿಭೇದಿ ಬಂದರೆ ಮಾತ್ರ ಕಾಯಬೇಡಿ. ಬೇಸಿಗೆಯಲ್ಲಿ ಇದು ಬೇಗ ಕೈಮೀರುತ್ತದೆ. ಮಗು ಏನೂ ತಿನ್ನುತ್ತಿಲ್ಲ ಎಂದು ಇನ್ಸುಲಿನ್ ಪೂರ್ತಿ ನಿಲ್ಲಿಸಬಾರದು. ಡೋಸ್ ಎಷ್ಟು ಎಂದು ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಶುಗರ್ 250 ದಾಟಿದ್ದರೆ, ವಾಂತಿ ಆಗುತ್ತಿದ್ದರೆ ಕೀಟೋನ್ (ಇನ್ಸುಲಿನ್ ಸಾಲದಾಗ ರಕ್ತದಲ್ಲಿ ಸೇರುವ ಆಮ್ಲ) ನೋಡಿ. ರಕ್ತದ ಕೀಟೋನ್ 1.5 (mmol/L) ಮುಟ್ಟಿದರೆ ಡಾಕ್ಟರಿಗೆ ಕೂಡಲೇ ತಿಳಿಸಿ, 3 ಆದರೆ ನೇರ ಆಸ್ಪತ್ರೆ. ಆಳವಾಗಿ, ಜೋರಾಗಿ ಉಸಿರಾಡುತ್ತಿದ್ದರೆ, ಬಾಯಿಯಿಂದ ಹಣ್ಣಿನಂಥ ವಾಸನೆ ಬರುತ್ತಿದ್ದರೆ, ಮಗು ತೂಗಡಿಸುತ್ತಿದ್ದರೆ ಅಂಕಿ ನೋಡುತ್ತಾ ಕೂರದೆ ಹೊರಡಿ. ಕೀಟೋನ್ ಸ್ಟ್ರಿಪ್ಪಿನ ಅವಧಿ ಮುಗಿದಿದೆಯೇ ಎಂದು ರಜೆ ಶುರುವಾಗುವ ಮೊದಲೇ ನೋಡಿಟ್ಟುಕೊಳ್ಳಿ.

ಮಗುವಿನ ಮನಸ್ಸಿನ ಬಗ್ಗೆ ಒಂದು ಮಾತು. ಆಡಿ ಬಂದ ಮಗುವನ್ನು ಕಂಡ ಕೂಡಲೇ "ಶುಗರ್ ಎಷ್ಟಿದೆ?" ಎನ್ನಬೇಡಿ. ಮೊದಲು "ಏನು ಆಡಿದೆ?" ಎಂದು ಕೇಳಿ, ಕೇಳುತ್ತಲೇ ಕೈ ತೊಳೆಸಿ. ಅಂಕಿ ಹೆಚ್ಚು ಬಂದರೆ ಮುಖ ಸಿಂಡರಿಸಬೇಡಿ. "ಕೆಟ್ಟ ಶುಗರ್" ಎನ್ನಬೇಡಿ, "ಜಾಸ್ತಿ ಇದೆ, ಇಳಿಸೋಣ" ಎನ್ನಿ. ಯಾವ ಬೆರಳು ಎಂದು ಮಗುವೇ ಹೇಳಲಿ. ಚುಚ್ಚಬೇಕೋ ಬೇಡವೋ ಎನ್ನುವುದನ್ನು ಮಾತ್ರ ಮಗುವಿಗೆ ಬಿಡಬೇಡಿ. ಮನೆಯಲ್ಲಿ ಇನ್ನೊಂದು ಮಗು ಇದ್ದರೆ ಅದಕ್ಕೂ ದಿನದಲ್ಲಿ ಸ್ವಲ್ಪ ಹೊತ್ತು ಕೊಡಿ. ಸೂಜಿ ಇಲ್ಲದ ಮಗುವಿಗೂ ರಜೆ ಇದೆ ಅಲ್ವಾ.

ಪ್ರಯಾಣ ಹೊರಟರೆ ಬೇಕಾದದ್ದರ ಎರಡರಷ್ಟು ಒಯ್ಯಿರಿ, ಎರಡು ಚೀಲಕ್ಕೆ ಹಂಚಿ. ವಿಮಾನದಲ್ಲಾದರೆ ಇನ್ಸುಲಿನ್ ಕೈಚೀಲದಲ್ಲೇ ಇರಲಿ, ಕೆಳಗೆ ಹಾಕುವ ಲಗೇಜಿನಲ್ಲಿ ಹೆಪ್ಪುಗಟ್ಟಬಹುದು. ಐಸ್ ಪ್ಯಾಕ್ ಇಟ್ಟರೆ ಬಟ್ಟೆ ಸುತ್ತಿ, ನೇರ ತಾಗದಂತೆ ಇಡಿ. ಡಾಕ್ಟರ ಪತ್ರ ಜೊತೆಗಿರಲಿ. ಮಗುವನ್ನು ಬೇರೆಯವರ ಮನೆಯಲ್ಲಿ ಒಂದು ಹೊತ್ತು ಬಿಡುವುದಾದರೂ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಡಿ: ಲೋ ಆದರೆ ನಮ್ಮ ಮಗು ಹೀಗೆ ಮಾಡುತ್ತದೆ, ಇಷ್ಟು ಸಕ್ಕರೆ ಕೊಡಿ, ಗ್ಲುಕಗಾನ್ ಇಲ್ಲಿದೆ, ಈ ನಂಬರಿಗೆ ಫೋನ್ ಮಾಡಿ. ಬರೆದುಕೊಟ್ಟು ಹೊರಟುಬಿಡಬೇಡಿ. ಅವರ ಬಾಯಿಂದ ಒಮ್ಮೆ ಓದಿಸಿ, ಮೀಟರನ್ನು ಅವರ ಕೈಗೆ ಕೊಟ್ಟು ಮಗುವಿನ ಬೆರಳನ್ನು ಒಮ್ಮೆ ಅವರಿಂದಲೇ ನೋಡಿಸಿ, ಆಮೇಲೆ ಹೊರಡಿ.